ಓಡಿದವನಿಗೊಂದು ಪೆಪ್ಪರಮೆಂಟು

ಫುಟ್‌ಬಾಲ್ ಪಂದ್ಯ 90 ನಿಮಿಷದ್ದು. ಅದರಲ್ಲಿ ಒಬ್ಬೊಬ್ಬ ಆಟಗಾರನ ಕಾಲ ಬಳಿ ಚೆಂಡಿರುವುದು ಹೆಚ್ಚೆಂದರೆ ಎರಡು ಮೂರು ನಿಮಿಷ. ಮಿಕ್ಕ ಹೊತ್ತೆಲ್ಲ ಅವನು ಚೆಂಡಿಲ್ಲದೆ ಓಡಬೇಕು. ಜೊತೆಯವನಿಗೆ ಜಾಗ ಮಾಡಿಕೊಡಲು ಓಡಬೇಕು, ಎದುರಾಳಿಯ ಬೆನ್ನು ಹತ್ತಿ ಓಡಬೇಕು, ಪಾಸು ಬಂದರೂ ಬರಬಹುದು ಎಂಬ ಆಸೆಯಿಂದ ಮುಂದಕ್ಕೆ ಓಡಿ, ಬಾರದೆ ಹೋದಾಗ ಮುಖ ಊದಿಸಿಕೊಳ್ಳದೆ ಅಷ್ಟೇ ದೂರ ಹಿಂದಕ್ಕೆ ಓಡಬೇಕು. ದೊಡ್ಡವರಿಗಾದರೆ ಇದಕ್ಕೆ ಸಂಬಳ ಉಂಟು. ಹತ್ತು ವರ್ಷದ ಮಗುವಿಗೆ ಏನುಂಟು? ಅದರ ಲೆಕ್ಕದಲ್ಲಿ ಚೆಂಡಿದ್ದಲ್ಲಿ ಆಟ, ಇಲ್ಲದಲ್ಲಿ ಬರೀ ಮೈದಾನ. ಹಾಗಾಗಿಯೇ ಯಾವ ಶಾಲೆಯ ಬಯಲಿನಲ್ಲಿ ನೋಡಿದರೂ ಚೆಂಡಿನ ಸುತ್ತ ಇಪ್ಪತ್ತು ಮಂದಿ, ಉಳಿದ ಕಡೆ ಇಬ್ಬರು ಗೋಲ್‌ಕೀಪರುಗಳು. ಅವರಲ್ಲೂ ಒಬ್ಬ ಬಲೆಯ ನೂಲು ಬಿಚ್ಚುವುದರಲ್ಲಿ ಮಗ್ನ. ಇಂಥ ಕಡೆ ಕೋಚು ತನ್ನ ಚೀಲದಿಂದ ಪೆಪ್ಪರಮೆಂಟಿನ ಪೊಟ್ಟಣ ತೆಗೆದರೆ ಅದನ್ನು ಅವರ ಸೋಲು ಎಂದು ನಾನು ತಿಳಿಯುವುದಿಲ್ಲ. ಕೊಡಲಿ, ಧಾರಾಳವಾಗಿ ಕೊಡಲಿ. ಆದರೆ ಅದು ಕೂಲಿಯ ಹಾಗೆ ಬರಬಾರದು, ಪ್ರಸಾದದ ಹಾಗೆ ಬರಬೇಕು. ಕೂಲಿಯನ್ನು ಮೊದಲೇ ಗೊತ್ತು ಮಾಡಿಕೊಂಡು ಕೆಲಸಕ್ಕೆ ಇಳಿಯುತ್ತೇವೆ, ಕಡಿಮೆಯಾದರೆ ಜಗಳ ತೆಗೆಯುತ್ತೇವೆ. ಪ್ರಸಾದವಾದರೋ ಪೂಜೆ ಮುಗಿದ ಮೇಲೆ ಕೈಗೆ ಬೀಳುವಂಥದ್ದು. ಬಿದ್ದಷ್ಟಕ್ಕೆ ಕಣ್ಣಿಗೊತ್ತಿಕೊಳ್ಳುತ್ತೇವೆ. (ಪೊಂಗಲ್ಲಿನ ದಿನ ಎರಡನೇ ಸಲ ಸಾಲಿನಲ್ಲಿ ನಿಲ್ಲುವವರ ಮಾತು ಬೇರೆ.)

ಚಿಲ್ಲರೆ ಬಹುಮಾನದ ವಿದ್ಯೆಯಲ್ಲಿ ತುಂಬ ಮುಂದೆ ಹೋದವರು ಅಮೆರಿಕದವರು. ಅವರ ಫುಟ್‌ಬಾಲಿನಲ್ಲಿ ಕಾಲಿಗೆ ಕೆಲಸ ಕಡಿಮೆ, ತಲೆಗೆ ಹೆಲ್ಮೆಟ್ ಇದೆ. ನಮಗೆ ಇಲ್ಲಿ ಬೇಕಾದದ್ದು ಆ ಹೆಲ್ಮೆಟ್ಟೇ. 1968ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ವುಡಿ ಹೇಯ್ಸ್ ಅವರ ಕಾಲದಲ್ಲಿ, ತಂಡದ ಟ್ರೇನರ್ ಅರ್ನಿ ಬಿಗ್ಸ್ ಮುಂದಾಳತ್ವದಲ್ಲಿ, ಚೆನ್ನಾಗಿ ಆಡಿದವರ ಹೆಲ್ಮೆಟ್ಟಿಗೆ ಒಂದು ಸಣ್ಣ ಸ್ಟಿಕ್ಕರ್ ಅಂಟಿಸುವ ಪದ್ಧತಿ ಶುರುವಾಯಿತು. ಸ್ಟಿಕ್ಕರಿನ ಮೇಲಿದ್ದದ್ದು ಆ ರಾಜ್ಯದ ಮರವಾದ ಬಕೈ ಮರದ ಎಲೆ. ಕೊಂಡರೆ ಕಾಸಿಗೆ ಬರುವ ಸಾಮಾನು. ಆ ವರ್ಷ ತಂಡ ಒಂದು ಪಂದ್ಯವನ್ನೂ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಬೆವರು ಸುರಿಸಿದ್ದು ಹುಡುಗರು, ಹೆಸರು ಮಾತ್ರ ಸ್ಟಿಕ್ಕರಿಗೂ ಬಂತು. ಜಾರ್ಜಿಯಾದ ಬುಲ್‌ಡಾಗ್ಸ್ ತಂಡದವರು ತಮ್ಮ ಹೆಸರಿಗೆ ತಕ್ಕಂತೆ ನಾಯಿಯ ಎಲುಬು ಅಂಟಿಸಿಕೊಂಡರು. ಎಂಟು ಹತ್ತು ವರ್ಷದ ಮಕ್ಕಳ ತಂಡಗಳಿಗೂ ಈ ಗೀಳು ಹಬ್ಬಿತು. ಸೀಸನ್ ಮುಗಿಯುವ ಹೊತ್ತಿಗೆ ಕೆಲವು ಹೆಲ್ಮೆಟ್ಟುಗಳ ಮೂಲ ಬಣ್ಣವೇ ಕಾಣದು. ಮುಂದಿನದು ಇನ್ನೂ ಸ್ವಾರಸ್ಯದ್ದು. 2001ರಲ್ಲಿ ಓಹಾಯೋ ಸ್ಟೇಟಿಗೆ ಕೋಚ್ ಆಗಿ ಬಂದ ಜಿಮ್ ಟ್ರೆಸೆಲ್, ಒಬ್ಬೊಬ್ಬರ ಪರಾಕ್ರಮಕ್ಕಿಂತ ತಂಡ ಒಟ್ಟಾಗಿ ಮಾಡಿದ ಕೆಲಸಕ್ಕೆ ಎಲೆ ಸಲ್ಲಬೇಕು ಎಂದು ಪದ್ಧತಿಯನ್ನು ತಿರುಗಿಸಿದರು. 2002ರ ಸೀಸನ್ನಿನಲ್ಲಿ ತಂಡ ಮತ್ತೆ ಚಾಂಪಿಯನ್. ಒಬ್ಬೊಬ್ಬರಿಗೆ ಕೊಟ್ಟಾಗಲೂ ಗೆಲುವು, ಒಟ್ಟಾಗಿ ಕೊಟ್ಟಾಗಲೂ ಗೆಲುವು. ಸ್ಟಿಕ್ಕರಿಗೆ ಬಾಯಿ ಇದ್ದಿದ್ದರೆ ಎರಡೂ ತನ್ನಿಂದಲೇ ಎನ್ನುತ್ತಿತ್ತು. ಆದ್ದರಿಂದ ಚಾಂಪಿಯನ್ನರ ಕತೆಗಳನ್ನು ಸಾಕ್ಷಿಯಾಗಿ ಕರೆಯದೆ ಇರುವುದು ಕ್ಷೇಮ.

ಗಟ್ಟಿ ಸಾಕ್ಷಿ ಸಿಗುವುದು ಮೈದಾನದಲ್ಲಲ್ಲ, ಒಂದು ಶಿಶುವಿಹಾರದಲ್ಲಿ. ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಬಿಂಗ್ ನರ್ಸರಿ ಶಾಲೆಯಲ್ಲಿ ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ಪ್ರಾಣ ಬಿಡುವ ಪುಟಾಣಿಗಳನ್ನೇ ಆರಿಸಿ ಮೂರು ಗುಂಪು ಮಾಡಿದರು. ಚಿತ್ರ ಬರೆದರೆ ಚಿನ್ನದ ಬಣ್ಣದ ನಕ್ಷತ್ರವೂ ರಿಬ್ಬನ್ನೂ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಒಂದು ಗುಂಪಿಗೆ ಮೊದಲೇ ಮಾತು ಕೊಟ್ಟರು. ಇನ್ನೊಂದು ಗುಂಪಿಗೆ ಏನೂ ಹೇಳದೆ, ಬರೆದಾದ ಮೇಲೆ ಅದೇ ಪತ್ರವನ್ನು ಕೈಯಲ್ಲಿಟ್ಟರು. ಮೂರನೆಯದಕ್ಕೆ ಮಾತೂ ಇಲ್ಲ, ಪತ್ರವೂ ಇಲ್ಲ. ಆ ಪತ್ರದ ಹೆಸರು ಏನು ಬಲ್ಲಿರಾ? ‘ಗುಡ್ ಪ್ಲೇಯರ್ ಅವಾರ್ಡ್’! ಒಂದೆರಡು ವಾರ ಬಿಟ್ಟು, ಬಹುಮಾನದ ಸುಳಿವೇ ಇಲ್ಲದ ದಿನ ಪೆನ್ನುಗಳನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟು ದೂರದಿಂದ ನೋಡಿದರು. ಮಾತು ಕೊಡಿಸಿಕೊಂಡಿದ್ದ ಮಕ್ಕಳು ಚಿತ್ರಕ್ಕೆ ಕೊಟ್ಟ ಹೊತ್ತು ಉಳಿದ ಮಕ್ಕಳು ಕೊಟ್ಟಿದ್ದರಲ್ಲಿ ಸುಮಾರು ಅರ್ಧ. ಇವತ್ತು ಪತ್ರ ಇಲ್ಲವಲ್ಲ, ಇನ್ನೇಕೆ ಚಿತ್ರ? ಆಗಲೇ ಅವು ಪುಟ್ಟ ಗುಮಾಸ್ತರಾಗಿದ್ದವು. ಆದರೆ ಅಚಾನಕ್ಕಾಗಿ ಪತ್ರ ಪಡೆದ ಮಕ್ಕಳಿಗೆ ಏನೂ ಆಗಿರಲಿಲ್ಲ, ಮೊದಲಿನಷ್ಟೇ ಹುರುಪಿನಿಂದ ಬರೆದವು. ಈ ಪ್ರಯೋಗವನ್ನು ಹೇಳಿ ಬಹುಮಾನವನ್ನೇ ಬಯ್ಯುವವರು ಎರಡನೇ ಗುಂಪನ್ನು ಮರೆತೇಬಿಡುತ್ತಾರೆ. ಪತ್ರ ಅದೇ, ನಕ್ಷತ್ರ ಅದೇ. ಕೆಟ್ಟದ್ದು ಕರಾರು.

ಕರಾರು ಮಾಡಿಕೊಂಡು ಕೊಡುವುದು ಅತಿ ಸ್ವಲ್ಪವಾದರೆ ಇನ್ನೂ ಕಷ್ಟ. ಉರಿ ಗ್ನೀಝಿ, ಆಲ್ಡೊ ರುಸ್ತಿಕಿನಿ ಎಂಬ ಅರ್ಥಶಾಸ್ತ್ರಜ್ಞರು ಇಸ್ರೇಲಿನ ಹೈಸ್ಕೂಲ್ ಮಕ್ಕಳನ್ನು ಮನೆ ಮನೆಗೆ ಚಂದಾ ಎತ್ತಲು ಕಳಿಸಿ 2000ದಲ್ಲಿ ಬರೆದ ಲೇಖನದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕೆಲವರಿಗೆ ಬರೀ ಒಳ್ಳೆಯ ಮಾತು, ಕೆಲವರಿಗೆ ಎತ್ತಿದ್ದರಲ್ಲಿ ಶೇ. 1ರಷ್ಟು ಕಮಿಷನ್, ಕೆಲವರಿಗೆ ಶೇ. 10ರಷ್ಟು. ಅತಿ ಹೆಚ್ಚು ಹಣ ತಂದವರು ಬಿಟ್ಟಿ ದುಡಿದವರು, ಅತಿ ಕಡಿಮೆ ತಂದವರು ಶೇ. 1ರವರು. ಧರ್ಮದ ಕೆಲಸ ಎಂದು ಹೊರಟವನ ಕೈಯಲ್ಲಿ ನೂರಕ್ಕೊಂದು ರೂಪಾಯಿ ಇಟ್ಟರೆ ಅವನು ಧರ್ಮವನ್ನು ಬಿಟ್ಟು ದರದ ವಿಚಾರಕ್ಕೆ ಇಳಿಯುತ್ತಾನೆ. ಇಳಿದ ಮೇಲೆ ಆ ದರಕ್ಕೆ ಮೂರನೇ ಮಹಡಿ ಹತ್ತುವುದು ಗಿಟ್ಟುವುದಿಲ್ಲ ಎಂದು ತಿಳಿಯಲು ಅವನಿಗೆ ಅರ್ಥಶಾಸ್ತ್ರ ಬೇಕಿಲ್ಲ. ಮೈದಾನದ ಪೆಪ್ಪರಮೆಂಟಿಗೂ ಇದೇ ಗತಿ. ಎರಡು ಸುತ್ತು ಓಡಿದರೆ ಒಂದು ಎಂದು ಸಾರಿದಿರೋ, ಒಂದು ರೂಪಾಯಿಗೆ ಎಂಟುನೂರು ಮೀಟರು ಎಂದು ಏಳನೇ ಕ್ಲಾಸಿನ ಹುಡುಗಿ ಮನಸ್ಸಿನಲ್ಲೇ ಗುಣಿಸಿ, ನೆರಳು ಹುಡುಕಿಕೊಂಡು ಕೂರುತ್ತಾಳೆ. ಅದೇ ಪೆಪ್ಪರಮೆಂಟು ಹೇಳದೆ ಕೇಳದೆ ಬಂದರೆ ಅದರ ಚಿಕ್ಕತನವೇ ಅದರ ಚೆಂದ, ಯಾಕೆಂದರೆ ಅಷ್ಟು ಚಿಕ್ಕದಕ್ಕಾಗಿ ತಾನು ಓಡಿದೆ ಎಂದು ಯಾವ ಮಗುವೂ ತನ್ನನ್ನು ನಂಬಿಸಿಕೊಳ್ಳಲಾರದು. ಆಟಕ್ಕಾಗಿಯೇ ಓಡಿದೆ ಎಂಬ ಹೆಮ್ಮೆ ಅದರಲ್ಲೇ ಉಳಿಯುತ್ತದೆ.

ಇನ್ನು ಏತಕ್ಕೆ ಕೊಡಬೇಕು ಎಂಬುದು. ಗೋಲಿಗೆ ಕೊಡುತ್ತೇನೆ ಎಂದರೆ ಆ ಕ್ಷಣದಿಂದ ಡಿಫೆಂಡರುಗಳೆಲ್ಲ ಫಾರ್ವರ್ಡುಗಳು, ಮೈದಾನದ ಅರ್ಧಭಾಗ ಅನಾಥ. ಬಲೆಯ ಮುಂದೆ ಒಬ್ಬಂಟಿಯಾಗಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿರುವ ಗೆಳೆಯನಿಗೆ ಪಾಸು ಕೊಡದೆ, ಬಾವುಟದ ಮೂಲೆಯಿಂದಲೇ ಗೋಲಿಗೆ ಒದೆಯುವ ಸಾಹಸಿಗಳು ಹುಟ್ಟಿಕೊಳ್ಳುತ್ತಾರೆ. ಸರಿ, ಪಾಸಿಗೆ ಕೊಡುತ್ತೇನೆ ಎಂದರೆ ಇಬ್ಬರು ಜಾಣರು ಲೈನಿನ ಬದಿಗೆ ಸರಿದು ಮೂರಡಿ ಅಂತರದಲ್ಲಿ ನಿಂತು, ನಿನಗೊಂದು ನನಗೊಂದು ಎಂದು ಎಣಿಸಿಕೊಳ್ಳುತ್ತ ಪಂದ್ಯ ಮುಗಿಸುತ್ತಾರೆ. ಹೋಗಲಿ, ಬೆವರಿದವರಿಗೆ ಕೊಡೋಣವೆಂದರೆ ನಲ್ಲಿಯ ಕೆಳಗೆ ತಲೆ ಒಡ್ಡಿ ಬರುವವರಿಗೆ ಬರವಿಲ್ಲ. ಮಕ್ಕಳದು ಮೋಸ ಎಂದುಕೊಳ್ಳಬೇಕಿಲ್ಲ. ನಾವು ಬರೆದ ಕರಾರನ್ನು ಅವರು ನಮಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ, ಅಷ್ಟೆ. ಕೊಡಬೇಕಾದದ್ದು ಯಾರೂ ಎಣಿಸದ ಕೆಲಸಕ್ಕೆ: ಚೆಂಡು ಕಳೆದುಕೊಂಡ ಕೂಡಲೇ ಸೊಂಟಕ್ಕೆ ಕೈಕೊಟ್ಟು ನಿಲ್ಲದೆ ಅದರ ಹಿಂದೆಯೇ ಓಡಿದವನಿಗೆ, ಬಿದ್ದ ಎದುರಾಳಿಯನ್ನು ಕೈಹಿಡಿದು ಎತ್ತಿದವಳಿಗೆ, ಐದು ಗೋಲು ತಿಂದ ಮೇಲೂ ತನ್ನವರನ್ನು ಹೆಸರು ಹಿಡಿದು ಕೂಗಿ ಎಚ್ಚರಿಸುತ್ತಿರುವ ಗೋಲ್‌ಕೀಪರಿಗೆ, ಚರಂಡಿಗೆ ಬಿದ್ದ ಚೆಂಡನ್ನು ಮೂಗು ಹಿಡಿದುಕೊಂಡಾದರೂ ತಂದವನಿಗೆ. ಕೊಡುವಾಗ ಕಾರಣವನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು, ಪೆಪ್ಪರಮೆಂಟು ಕರಗಿದ ಮೇಲೆ ಉಳಿಯುವುದು ಅದೊಂದೇ. ಹೇಳುವ ಮಾತಿಗೂ ತೂಕ ಉಂಟು. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ನೀನು ಜಾಣ’ ಎಂದು ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಕಷ್ಟದ ಒಗಟು ಎದುರಾದಾಗ ಕುಗ್ಗಿದರು. ‘ಚೆನ್ನಾಗಿ ಶ್ರಮಪಟ್ಟೆ’ ಎನಿಸಿಕೊಂಡವರಲ್ಲಿ ಹೆಚ್ಚಿನವರು ಕಷ್ಟದ್ದನ್ನೇ ಆರಿಸಿಕೊಂಡರು. 2023ರ ಜನವರಿಯಲ್ಲಿ ಲಿಸ್ಬನ್ನಿನ ಬೆನ್‌ಫಿಕಾ ಮತ್ತು ಸ್ಪೋರ್ಟಿಂಗ್ ಮಹಿಳಾ ತಂಡಗಳ ಪಂದ್ಯದಲ್ಲಿ ರೆಫರಿ ಕ್ಯಾಟರಿನಾ ಕಾಂಪೋಸ್ ಜೇಬಿನಿಂದ ಒಳ್ಳೆಯ ನಡತೆಗೆ ಮೆಚ್ಚುಗೆ ತೋರುವ ಬಿಳಿ ಕಾರ್ಡು ತೆಗೆದದ್ದು ಇದೇ ಬಗೆಯ ಕೆಲಸ. ಗ್ಯಾಲರಿಯಲ್ಲಿ ಅಸ್ವಸ್ಥರಾದ ಪ್ರೇಕ್ಷಕರೊಬ್ಬರ ನೆರವಿಗೆ ಓಡಿದ ಎರಡೂ ತಂಡಗಳ ವೈದ್ಯಕೀಯ ಸಿಬ್ಬಂದಿಗೆ ಆ ಕಾರ್ಡು ಸಂದಿತು. ಅದರಿಂದ ಗೋಲೂ ಹೆಚ್ಚಲಿಲ್ಲ, ಪಾಯಿಂಟೂ ಹೆಚ್ಚಲಿಲ್ಲ. ಜನ ಮಾತ್ರ ಚಪ್ಪಾಳೆ ಹೊಡೆದರು.

ತಕರಾರುಗಳು ಇಲ್ಲದೆ ಇಲ್ಲ. ಕೋಟಿ ಕೋಟಿ ಎಣಿಸುವ ವೃತ್ತಿಪರ ಆಟಗಾರರು ಆಟದ ಮೇಲಿನ ಪ್ರೀತಿ ಕಳೆದುಕೊಂಡಿದ್ದಾರೆಯೇ ಎಂದು ಕೇಳುವವರಿದ್ದಾರೆ. ಅವರು ಸಂಬಳಕ್ಕೆ ಮುಂಚೆ ಹತ್ತು ಹದಿನೈದು ವರ್ಷ ಬಿಟ್ಟಿ ಆಡಿದವರು ಎಂಬುದೇ ಇದಕ್ಕೆ ಉತ್ತರ. ಪ್ರೀತಿ ಬೇರೂರಿದ ಮೇಲೆ ಬಂದ ಹಣ ಅದನ್ನು ಅಲ್ಲಾಡಿಸುವುದು ಕಷ್ಟ. ಹಾಗಿದ್ದರೆ ಯಾರಿಗೂ ಬೇಸರವಾಗದಂತೆ ಎಲ್ಲರಿಗೂ ಕೊಟ್ಟುಬಿಡೋಣ ಎನ್ನುವವರು ಇನ್ನೊಂದು ಬಗೆ. 2015ರಲ್ಲಿ ಅದೇ ಹೆಲ್ಮೆಟ್ ಫುಟ್‌ಬಾಲಿನ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಆಟಗಾರ ಜೇಮ್ಸ್ ಹ್ಯಾರಿಸನ್, ಬರೀ ಭಾಗವಹಿಸಿದ್ದಕ್ಕೆ ತಮ್ಮ ಇಬ್ಬರು ಪುಟ್ಟ ಮಕ್ಕಳಿಗೆ ಬಂದ ಟ್ರೋಫಿಗಳನ್ನು ವಾಪಸು ಕಳಿಸುವುದಾಗಿ ಸಾರಿ ಅಮೆರಿಕದ ತಂದೆತಾಯಂದಿರನ್ನು ಎರಡು ಪಕ್ಷ ಮಾಡಿದರು. ನನ್ನ ಮಟ್ಟಿಗೆ ಎರಡು ಪಕ್ಷವೂ ಟ್ರೋಫಿಯನ್ನು ಅತಿಯಾಗಿ ನಂಬಿದೆ. ಆರು ವರ್ಷದವನಿಗೆ ಪಂದ್ಯ ಮುಗಿದ ಮೇಲೆ ಎಲ್ಲರ ಜೊತೆ ಒಂದು ಕಿತ್ತಳೆ ಹಣ್ಣಿನ ಹೋಳು ಸಿಕ್ಕರೆ ಅದು ಊಟೋಪಚಾರ. ಅದನ್ನು ಪ್ರಶಸ್ತಿ ಎಂದು ಕರೆದು ಕಪಾಟಿನಲ್ಲಿ ಇಟ್ಟಾಗಲೇ ತೊಂದರೆ. ಎರಡು ಸಲ ಅಚಾನಕ್ಕಾಗಿ ಕೊಟ್ಟರೆ ಮೂರನೇ ಸಲ ಮಕ್ಕಳು ಕಾದೇ ಕಾಯುತ್ತಾರಲ್ಲ ಎಂಬ ತಕರಾರು ಮಾತ್ರ ನಿಜವಾಗಿ ತೂಕದ್ದು. ಕಾಯುತ್ತಾರೆ, ಚೀಲದ ಮೇಲೇ ಕಣ್ಣಿಟ್ಟಿರುತ್ತಾರೆ. ಅದಕ್ಕೇ ಕೋಚು ಕೆಲವು ವಾರ ಚೀಲ ಬಿಚ್ಚಲೇಬಾರದು. ಬಿಚ್ಚಿದ ದಿನವೂ ಹೋದ ಸಲದ ಕಾರಣಕ್ಕೆ ಕೊಡಬಾರದು. ಹೋದ ವಾರ ಎದುರಾಳಿಯನ್ನು ಎತ್ತಿದವಳಿಗೆ ಸಿಕ್ಕಿತೆಂದು ಈ ವಾರ ತಾವೇ ಕೆಡವಿ ತಾವೇ ಎತ್ತುವ ದಯಾಳುಗಳು ಕಾಣಿಸಿಕೊಳ್ಳುತ್ತಾರೆ.

ಕರಾರು ತಪ್ಪಲ್ಲದ ಒಂದು ಜಾಗವನ್ನು ಒಪ್ಪಿಕೊಳ್ಳಬೇಕು. ಶಿಶುವಿಹಾರದ ಮಕ್ಕಳು ಮೊದಲೇ ಚಿತ್ರದ ಹುಚ್ಚು ಹತ್ತಿದವರು, ಅದಕ್ಕೇ ಅವರಲ್ಲಿ ಕೆಡಲು ಏನೋ ಇತ್ತು. ಕೋನುಗಳ ನಡುವೆ ಹಾವಿನಂತೆ ಹರಿಯುವ ಅಭ್ಯಾಸ, ಗೋಡೆಗೆ ಎಡಗಾಲಲ್ಲಿ ನೂರು ಸಲ ಒದೆಯುವುದು, ಇವುಗಳ ಮೇಲೆ ಹುಟ್ಟಾ ಪ್ರೀತಿ ಇರುವ ಮಗುವನ್ನು ಯಾರೂ ಕಂಡಿಲ್ಲ. ಇಲ್ಲದ ಪ್ರೀತಿ ಕೆಡುವ ಭಯವಿಲ್ಲ, ಆದ್ದರಿಂದ ಅಲ್ಲಿ ಬೇಕಾದರೆ ಬಾಯಿಬಿಟ್ಟು ದರ ಹೇಳಬಹುದು. ಎಡಗಾಲಿಗೆ ಆಟ ಹತ್ತಿದ ಮೇಲೆ ದರ ತಾನಾಗಿ ಬಿದ್ದುಹೋಗುತ್ತದೆ. ಪಂದ್ಯವನ್ನು ಮಾತ್ರ ಅದರ ಪಾಡಿಗೆ ಬಿಡಬೇಕು.

ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನಿನಂಥ ಕಡೆಯ ಮಕ್ಕಳ ವಿಷಯದಲ್ಲಿ ಇದೆಲ್ಲ ಉಳ್ಳವರ ಸೂಕ್ಷ್ಮ ಅನ್ನಿಸಬಹುದು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ಮಕ್ಕಳಿಗೆ ಚೆಂಡಿನ ಮೇಲೆ ಪ್ರೀತಿ ಹುಟ್ಟಿಸುವ ಕೆಲಸ ಅಲ್ಲಿ ಯಾವ ಕೋಚಿಗೂ ಉಳಿದಿಲ್ಲ. ಕೊರತೆ ಇರುವುದು ಬೂಟಿಗೆ. ಹಾಗಾದರೆ ಚೆನ್ನಾಗಿ ಓಡಿದವನಿಗೆ ಬೂಟನ್ನೇ ಬಹುಮಾನ ಇಡಬಾರದೇ? ಖಂಡಿತ ಇಡಬಾರದು. ಬೂಟು ಆಟದ ಸಾಮಾನು, ಓಡುವ ಮುಂಚೆ ಸಿಗಬೇಕಾದದ್ದು. ಬರಿಗಾಲಲ್ಲಿ ಗೆದ್ದವನಿಗೆ ಬೂಟು ಕೊಡುವ ಪದ್ಧತಿಯಲ್ಲಿ ಬೂಟು ಯಾರಿಗೆ ಹೆಚ್ಚು ಬೇಕಿತ್ತೋ ಅವನು ಬರಿಗಾಲಲ್ಲೇ ಮನೆಗೆ ಹೋಗುತ್ತಾನೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದರು, ಫ್ರಾನ್ಸ್ ವಿರುದ್ಧ ನಮ್ಮ ಒಂದೇ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್ ಎಂದು ನಾವು ಹೆಮ್ಮೆಪಡುವುದು ಸರಿಯೇ. ಆ ಪಂದ್ಯವನ್ನು 1-2ರಿಂದ ಸೋತೆವು, ಎರಡು ಪೆನಾಲ್ಟಿ ಕಳೆದುಕೊಂಡೆವು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಪ್ರಸಾದದ ಮಾತು ಏನಿದ್ದರೂ ಊಟ ಬಡಿಸಿದ ಮೇಲೆ.

ಕೋಚು ಇಷ್ಟೆಲ್ಲ ಜತನ ಮಾಡಿದರೂ ಲೈನಿನ ಆಚೆ ಪೋಷಕರಿರುತ್ತಾರೆ. ವಾರಾಂತ್ಯದ ಟರ್ಫ್ ಮೈದಾನಗಳಲ್ಲಿ ಒಂದು ಗೋಲಿಗೆ ಪಿಜ್ಜಾ, ಹ್ಯಾಟ್ರಿಕ್ಕಿಗೆ ಸೈಕಲ್ ಎಂದು ಬಲೆಯ ಹೊರಗಿನಿಂದಲೇ ಹರಾಜು ಕೂಗುವ ಅಪ್ಪಂದಿರ ಎದುರು ಕೋಚಿನ ಪೆಪ್ಪರಮೆಂಟು ಯಾವ ಲೆಕ್ಕ? ಅಂಥವರಿಗೆ ಸ್ಟ್ಯಾನ್‌ಫರ್ಡಿನ ಪ್ರಯೋಗ ವಿವರಿಸುವುದು ವ್ಯರ್ಥ. ಅವರ ಮಗನನ್ನು ಆ ದಿನ ಗೋಲ್‌ಕೀಪರ್ ಮಾಡುವುದು ಸುಲಭ. ಸರ್ಕಾರಿ ಶಾಲೆಯ ಪಿ.ಟಿ. ಮೇಷ್ಟ್ರಿಗೆ ಹರಾಜಿನ ಕಾಟವಿಲ್ಲ, ಅವರ ಕಷ್ಟ ವೋಚರಿನದು. ಪೆಪ್ಪರಮೆಂಟಿಗೆ ಲೆಕ್ಕದ ಪುಸ್ತಕದಲ್ಲಿ ಯಾವ ಬಾಬತ್ತೂ ಇಲ್ಲ, ಹಾಗಾಗಿ ಅದು ಸಾಮಾನ್ಯವಾಗಿ ಅವರ ಜೇಬಿನಿಂದಲೇ ಹೋಗುತ್ತದೆ. ಗ್ಲೂಕೋಸ್ ಪುಡಿಯ ಜೊತೆ ಪ್ರಥಮ ಚಿಕಿತ್ಸೆಯ ಸಾಮಾನು ಎಂದು ಬರೆದು ಹಾಕಿದರೆ ಆಡಿಟ್ಟಿನವರು ಬಹುಶಃ ಏಳಿಸಿ ಕೇಳಲಾರರು. ಕೇಳಿದರೆ ಅವರ ಕೈಗೂ ಒಂದು ಕೊಡಬಹುದು, ಮೊದಲೇ ಮಾತು ಕೊಟ್ಟಿರಬಾರದು ಅಷ್ಟೆ.