ಮೂರನೇ ಗಂಟೆಯಾದ ಮೇಲೆ ಕೋಡುಬಳೆ

ಮುಂಬಯಿ ಲೋಕಲ್ಲಿನಲ್ಲಿ ಕೂತಲ್ಲಿಂದ ಏಳುವುದಕ್ಕೂ ಒಂದು ಶಾಸ್ತ್ರವಿದೆ. ವಿಲೆ ಪಾರ್ಲೆಯಲ್ಲಿ ಇಳಿಯುವವನು ಖಾರ್ ದಾಟುತ್ತಿದ್ದಂತೆ ಎದ್ದು ಬಾಗಿಲ ಕಡೆ ಸರಿಯತೊಡಗಬೇಕು. ಸಾಂತಾಕ್ರೂಜ್ ಬರಲಿ ಎಂದು ಕೂತರೆ ಅಂಧೇರಿ ನೋಡಿಕೊಂಡು ವಾಪಸು ಬರಬೇಕಾದೀತು. ಇದು ರೈಲಿನಲ್ಲಿ ಸರಿ. ನಮ್ಮ ಜನ ಇದನ್ನೇ ನಾಟಕಕ್ಕೂ ತಂದಿದ್ದಾರೆ. ನಾಯಕನಿಗೆ ಎದೆನೋವು ಶುರುವಾಯಿತೋ, ಇನ್ನು ಅವನು ಉಳಿಯುವುದಿಲ್ಲ ಎಂದು ಖಾತ್ರಿಯಾಗಿ ಚಪ್ಪಲಿ ಹುಡುಕತೊಡಗುತ್ತಾರೆ. ಅವನು ಪ್ರಾಣ ಬಿಡುವ ಹೊತ್ತಿಗೆ ಇವರು ರಿಕ್ಷಾದವನ ಜೊತೆ ಜಗಳಕ್ಕೆ ನಿಂತಿರುತ್ತಾರೆ. ಸತ್ತವನು ಎದ್ದು ಬಂದು, ಉಳಿದ ಪಾತ್ರಗಳ ಕೈಹಿಡಿದು ನಮಸ್ಕಾರ ಮಾಡುವಾಗ ಎದುರಿಗೆ ಕಾಣುವುದು ಸಾಲು ಸಾಲು ಬೆನ್ನುಗಳು.

ಇಂಥವರನ್ನೆಲ್ಲ ತಿದ್ದುವ ಭಾರ ನನ್ನ ಮೇಲಿದೆ ಎಂದು ಯಾವಾಗಲೋ ನಾನೇ ತೀರ್ಮಾನಿಸಿಕೊಂಡೆ. ಆಯುಧ ಒಂದೇ, "ಶ್ಶ್!" ಕಾರ್ಯಕ್ಷೇತ್ರ ವಿಲೆ ಪಾರ್ಲೆ. ಹಳಿಯ ಪೂರ್ವಕ್ಕೆ ದೀನಾನಾಥ ಮಂಗೇಶ್ಕರ್ ನಾಟ್ಯಗೃಹ, ಪಶ್ಚಿಮಕ್ಕೆ ಗುಜರಾತಿ ನಾಟಕಗಳಿಂದ ಹೆಸರಾದ ಭಾಯಿದಾಸ್, ಅಲ್ಲಿಂದ ರಿಕ್ಷಾ ಹತ್ತಿದರೆ ಜುಹೂವಿನ ಪೃಥ್ವಿ. ಒಬ್ಬನೇ ಮನುಷ್ಯ ಎಷ್ಟು ಕಡೆ ಅಂತ ನೋಡಿಕೊಳ್ಳಲಿ?

"ನಿಮ್ಮ ಶ್ಶ್ ಅವರ ಮಾತಿಗಿಂತ ದೊಡ್ಡದು ಮಾರಾಯ್ರೇ," ಎನ್ನುತ್ತಾಳೆ ಹೆಂಡತಿ. "ಕುಕ್ಕರ್ ಕೂಗಿದ ಹಾಗೆ. ಮೂರು ಸಲ ಆದ ಮೇಲೆ ನನಗೆ ಎದ್ದುಹೋಗಿ ಗ್ಯಾಸ್ ಆರಿಸಬೇಕು ಅನಿಸ್ತದೆ."

ಅವಳಿಗೇನು, ಅವಳು ನಾಟಕ ನೋಡುತ್ತಾಳೆ. ನಾನು ನಾಟಕ ನೋಡಿ ಬಹಳ ಕಾಲವಾಯಿತು. ಕತ್ತಲಾಗುತ್ತಿದ್ದಂತೆ ನನ್ನ ಕಿವಿ ಹಿಂದಿನ ಸಾಲಿಗೆ ಹೋಗಿ ಕೂತುಬಿಡುತ್ತದೆ. ಅಲ್ಲಿ ಒಬ್ಬರು ಇರುತ್ತಾರೆ, ಈ ನಾಟಕವನ್ನು ಮೊದಲೇ ನೋಡಿದವರು, ನೋಡದ ಹೆಂಡತಿಯನ್ನು ಕರೆತಂದವರು. "ಈಗ ನೋಡು, ಬಾಗಿಲು ತೆಗೀತಾಳೆ... ತೆಗೆದಳಾ? ಈಗ ಅವನು ಬರ್ತಾನೆ." ಅವನು ಬಂದಾಗ ತಾವೇ ಕಳಿಸಿಕೊಟ್ಟಷ್ಟು ಸಂತೋಷ. ಮಧ್ಯಂತರದಲ್ಲಿ ಕೊಂಡ ಬಟಾಟೆ ವಡೆಯನ್ನು ಅಲ್ಲೇ ಮುಗಿಸಲಾರದೆ ಪೊಟ್ಟಣ ಸಮೇತ ಒಳಗೆ ತರುವವರಿದ್ದಾರೆ. ಫೋನನ್ನು ಸೈಲೆಂಟ್ ಮಾಡಿದ್ದೇವೆಂಬ ಹೆಮ್ಮೆಯಲ್ಲಿ ಪರದೆ ತೆರೆದು ವಾಟ್ಸ್ಆ್ಯಪ್ ನೋಡುವವರಿದ್ದಾರೆ. ಕೆಳಗಿನಿಂದ ಬೆಳಕು ಬಿದ್ದ ಆ ಮುಖ! ರಂಗದ ಮೇಲೆ ದೆವ್ವ ತೋರಿಸಬೇಕಾದರೆ ಬೆಳಕಿನವನು ಅಷ್ಟು ಕಷ್ಟಪಡುತ್ತಾನೆ, ಇಲ್ಲಿ ಸಾಲಿಗೆ ನಾಲ್ಕು ಬಿಟ್ಟಿ. ಇನ್ನು ಕರೆ ಬಂದರೆ ಎತ್ತಿಯೇ ತೀರುವವರು. ಒಮ್ಮೆ ಒಬ್ಬ ಸಭ್ಯರು ಬಗ್ಗಿ, ಕೈಯಿಂದ ಬಾಯಿ ಮುಚ್ಚಿಕೊಂಡು, ಇಡೀ ಸಭೆಗೆ ಕೇಳುವಂತೆ "ನಾಟಕದಲ್ಲಿದ್ದೇನೆ, ಆಮೇಲೆ ಮಾಡು" ಎಂದರು. ರಂಗದ ಮೇಲಿದ್ದ ಇಬ್ಬರೂ ತಿರುಗಿ ನೋಡಿದರು. ನಾಟಕದಲ್ಲಿದ್ದವರು ತಾವು ಎಂದೇ ಆ ತನಕ ಅವರು ತಿಳಿದಿದ್ದರು.

ಇದು ನನ್ನೊಬ್ಬನ ತಲೆಬಿಸಿಯಲ್ಲ. 2019ರಲ್ಲಿ ಮರಾಠಿ ನಟ ಸುಬೋಧ್ ಭಾವೆ, ಹೀಗೇ ಫೋನು ರಿಂಗಾಗುತ್ತಿದ್ದರೆ ನಾನು ನಾಟಕ ಮಾಡುವುದನ್ನೇ ಬಿಡುತ್ತೇನೆ ಎಂದು ಬಹಿರಂಗವಾಗಿ ಬರೆದರು. ಅದೇ ವರ್ಷ ಇನ್ನೊಬ್ಬ ನಟ ಸುಮೀತ್ ರಾಘವನ್ ಇದೇ ಕಾರಣಕ್ಕೆ ನಾಸಿಕದಲ್ಲಿ ನಡೆಯುತ್ತಿದ್ದ ನಾಟಕವನ್ನೇ ನಿಲ್ಲಿಸಿದರು. ನ್ಯೂಯಾರ್ಕಿನಲ್ಲಿ 2015ರಲ್ಲಿ ಪ್ಯಾಟಿ ಲುಪೋನ್ ಎಂಬ ನಟಿ ಪಾತ್ರದಲ್ಲಿದ್ದುಕೊಂಡೇ ಪ್ರೇಕ್ಷಕರೊಬ್ಬರ ಕೈಯಿಂದ ಫೋನು ಕಿತ್ತುಕೊಂಡು ಒಳಗೆ ಹೋದರಂತೆ. ಓದಿದ ದಿನ ನಾನು ಮನೆಯಲ್ಲಿ ಪಾಯಸ ಮಾಡಿಸಿದೆ. ನಾಟ್ಯಗೃಹಗಳಿಗೆ ಮೊಬೈಲ್ ಜಾಮರ್ ಹಾಕಬೇಕು ಎಂಬ ಮಾತು 2019ರಲ್ಲೇ ಮುಂಬಯಿ ಮಹಾನಗರಪಾಲಿಕೆಯ ಸಭೆಯವರೆಗೂ ಹೋಯಿತು. ಜಾಮರ್ ಎಂದರೆ ಜೈಲಿನಲ್ಲಿ ಕೈದಿಗಳು ಹೊರಗಿನವರ ಜೊತೆ ಮಾತಾಡದ ಹಾಗೆ ಹಾಕುವಂಥದ್ದು, ಅದಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಪಾರ್ಲೆಯ ಸಂಭಾವಿತ ಮಧ್ಯಮವರ್ಗ ಎರಡು ಗಂಟೆ ಸುಮ್ಮನೆ ಕೂರಲು ದಿಲ್ಲಿಯಿಂದ ಅಪ್ಪಣೆ ತರಿಸಬೇಕು!

ಇಷ್ಟೆಲ್ಲ ರೋಷವಿದ್ದ ನಾನು ಪೃಥ್ವಿಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. ನಾಚಿಕೆಯಿಂದಲೇ ಹೇಳುತ್ತೇನೆ. ಆದರೆ ಇದನ್ನು ಹೇಳುವಾಗ ನನ್ನ ಮುಖ ನೋಡಿದವರು ಅದು ನಾಚಿಕೆಯಲ್ಲ ಎನ್ನುತ್ತಾರೆ.

ಪೃಥ್ವಿ ಗೊತ್ತಲ್ಲ. 1978ರಲ್ಲಿ ಶಶಿ ಕಪೂರ್, ಜೆನಿಫರ್ ಕೆಂಡಲ್ ದಂಪತಿ ಕಟ್ಟಿದ್ದು. ಇನ್ನೂರು ಚಿಲ್ಲರೆ ಜನ ರಂಗದ ಮೂರು ಕಡೆ ಕೂರುತ್ತಾರೆ. ಕಾಲು ಚಾಚಿದರೆ ನಟನಿಗೆ ತಾಗಬೇಕು, ಅಷ್ಟು ಹತ್ತಿರ. ತಡವಾಗಿ ಬಂದವನಿಗೆ ಪ್ರವೇಶವಿಲ್ಲ. ಮಂತ್ರಿಯಾದರೂ ಹೊರಗೆ ಚಹಾ ಕುಡಿಯುತ್ತ ಕೂರಬೇಕು. ಆ ಸಂಜೆ ನನ್ನ ಚೀಲದಲ್ಲಿ ಮಾಟುಂಗಾದಲ್ಲಿ ಕೊಂಡ ಕೋಡುಬಳೆಯಿತ್ತು. ಅಂಗಳದಲ್ಲಿ ಒಂದೊಂದಾಗಿ ಮುಗಿಸುತ್ತ, ನಾಟಕ ಶುರುವೆಂದು ಸಾರುವ ಮೂರನೇ ಗಂಟೆಯಾದ ಮೇಲೆ ತಿನ್ನುವವರ ಬಗ್ಗೆ ಹೆಂಡತಿಗೆ ಉಪನ್ಯಾಸ ಕೊಡುತ್ತಿದ್ದೆ. ಅಷ್ಟರಲ್ಲಿ ಗಂಟೆಯೇ ಆಯಿತು. ಕೈಯಲ್ಲೊಂದು ಉಳಿದಿತ್ತು. ಎಸೆಯುವ ಮನಸ್ಸಾಗಲಿಲ್ಲ. ಇಡಿಯಾಗಿ ಬಾಯಿಗೆ ಹಾಕಿ ಓಡಿದೆ.

ಸಿಕ್ಕಿದ್ದು ಮುಂದಿನ ಸಾಲಿನ ತುದಿ. ಕೂರುತ್ತಿದ್ದಂತೆ ದೀಪ ಆರಿತು. ಮತ್ತೆ ಬೆಳಕು ಬಂದಾಗ ಎರಡು ಮಾರು ದೂರದಲ್ಲಿ ಒಬ್ಬ ಮುದುಕ ಕುರ್ಚಿಯ ಮೇಲೆ ಕೂತಿದ್ದ. ಮಾತಿಲ್ಲ. ಸಂಗೀತವಿಲ್ಲ. ಈಗಿನ ನಿರ್ದೇಶಕರಿಗೆ ಮೌನ ಅಂದರೆ ಪ್ರಾಣ. ಮುದುಕ ಕೂತ, ನಾನೂ ಕೂತೆ. ಅವನ ಕೈಯಲ್ಲೊಂದು ಪತ್ರ, ನನ್ನ ಬಾಯಲ್ಲೊಂದು ಕೋಡುಬಳೆ, ಎಡ ಕೆನ್ನೆಯಿಂದ ಬಲ ಕೆನ್ನೆಗೆ ಅಡ್ಡಲಾಗಿ.

ಕಚ್ಚುವ ಹಾಗಿಲ್ಲ. ಅದು ಹಸನಾಗಿ ಕರಿದ ಕೋಡುಬಳೆ, ಕಚ್ಚಿದರೆ ಹೊರಗಿನ ಚಹಾದಂಗಡಿಗೂ ಕೇಳಿಸುವಂಥದ್ದು. ಬಾಯಿಂದ ತೆಗೆಯುವ ಹಾಗೂ ಇಲ್ಲ, ಮೂರು ಕಡೆಯಿಂದ ಜನ ನೋಡುತ್ತಿದ್ದಾರೆ. ನೆನೆದು ಮೆತ್ತಗಾಗಲಿ ಎಂದು ಕಾದೆ. ಈ ಊರಿನಲ್ಲೇ ಹುಟ್ಟಿದ ಪಾರ್ಲೆ ಬಿಸ್ಕತ್ತಾಗಿದ್ದರೆ ಅರ್ಧ ನಿಮಿಷದಲ್ಲಿ ಸದ್ದಿಲ್ಲದೆ ಕರಗಿಹೋಗುತ್ತಿತ್ತು. ನಾಟಕಕ್ಕೆ ಹೇಳಿ ಮಾಡಿಸಿದ ತಿಂಡಿ ಅದು. ಕೋಡುಬಳೆಯ ಸ್ವಭಾವ ಬೇರೆ. ಅದು ಕರಗಲಿಲ್ಲ, ತನ್ನೊಳಗಿನ ಖಾರವನ್ನು ಮಾತ್ರ ಬಿಟ್ಟುಕೊಡತೊಡಗಿತು. ಮೊದಲು ನಾಲಿಗೆ, ಆಮೇಲೆ ಗಂಟಲು, ಆಮೇಲೆ ಮೂಗು. ಕೊನೆಗೆ ಎರಡೂ ಕಣ್ಣಿನಿಂದ ಧಾರಾಕಾರ ನೀರು.

ಮುದುಕ ತಲೆಯೆತ್ತಿ ನನ್ನನ್ನು ನೋಡಿದ.

ನಾಟಕ ಶುರುವಾಗಿ ಎರಡು ನಿಮಿಷವಾಗಿಲ್ಲ, ಏನೂ ಆಗಿಲ್ಲ, ಒಂದು ಮಾತನ್ನೂ ಯಾರೂ ಆಡಿಲ್ಲ, ಆಗಲೇ ಮುಂದಿನ ಸಾಲಿನ ಒಬ್ಬ ಹಿರಿಯರು ತುಟಿ ಬಿಗಿಹಿಡಿದು ಅಳುತ್ತಿದ್ದಾರೆ! ನಟನ ಕಣ್ಣಲ್ಲಿ ಏನೋ ಮಿಂಚಿತು. ಪಾಪ, ಎಷ್ಟು ವರ್ಷದಿಂದ ಇಂಥ ಪ್ರೇಕ್ಷಕನಿಗಾಗಿ ಕಾದಿದ್ದನೋ. ಅವನು ಪತ್ರವನ್ನು ಇನ್ನಷ್ಟು ನಿಧಾನವಾಗಿ ಮಡಿಸಿದ. ಬಿಚ್ಚಿದ. ಮತ್ತೆ ಮಡಿಸಿದ. ಮೌನ ಉದ್ದವಾಯಿತು, ನನ್ನ ಅಳು ಹೆಚ್ಚಿತು. ಅಳು ಹೆಚ್ಚಿದ್ದು ನೋಡಿ ಅವನು ಮೌನವನ್ನು ಮತ್ತಷ್ಟು ಹಿಗ್ಗಿಸಿದ. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹುಡುಗಿ ನನ್ನ ಕಡೆ ಕರವಸ್ತ್ರ ಚಾಚಿದಳು. ನಾನು ಬಾಯಿ ತೆರೆಯದೆ ತಲೆಯಾಡಿಸಿದೆ. ದುಃಖಕ್ಕೆ ಮಾತು ಬರುತ್ತಿಲ್ಲ ಎಂದುಕೊಂಡು ಅವಳೂ ಕಣ್ಣೊರೆಸಿಕೊಂಡಳು.

ಆಗ ದೇವರ ಹಾಗೆ ವಿಮಾನ ಬಂತು. ಈ ಭಾಗದವರಿಗೆ ವಿಮಾನದ ಬಗ್ಗೆ ಹೇಳಬೇಕಾಗಿಲ್ಲ. ನೆಲ ಬಿಟ್ಟು ಪಶ್ಚಿಮಕ್ಕೆ ಹೊರಟಿದ್ದು ನಮ್ಮ ತಲೆಯ ಮೇಲೆ ಹಾದೇ ಸಮುದ್ರ ಸೇರಬೇಕು. ಒಳಗೆ ಕೂತವನಿಗೂ, ಕಿವಿಗೊಟ್ಟರೆ, ಮಂದ್ರದಲ್ಲಿ ಒಂದು ಗುಡುಗು ಕೇಳಿಸುತ್ತದೆ. ನಾನು ಕಿವಿಗೊಟ್ಟೆ. ಗುಡುಗು ಏರತೊಡಗಿತು. ಈಗಲೇ ಕಚ್ಚಲೇ? ಬೇಡ, ಇನ್ನೂ ಏರಲಿ. ಈಗ? ಇನ್ನೂ ಸ್ವಲ್ಪ. ದವಡೆಯನ್ನು ಸಜ್ಜು ಮಾಡಿಕೊಂಡೆ. ಅತಿಯಾಸೆ ಕೆಟ್ಟದ್ದು. ಇದಕ್ಕಿಂತ ದೊಡ್ಡ ಸದ್ದು ಬರಲಿಕ್ಕಿದೆ ಎಂದು ನಾನು ಕಾಯುತ್ತಿರುವಾಗಲೇ ವಿಮಾನ ಕಡಲಿಗೆ ದಾಟಿಬಿಟ್ಟಿತು. ದವಡೆಗೆ ಅದು ತಿಳಿಯಲಿಲ್ಲ.

*ಕಟುಂ.*

ಮುದುಕ ಕುರ್ಚಿಯಿಂದ ಅರ್ಧ ಎದ್ದು, "ಕೌನ್ ಹೈ?" ಎಂದ.

ಅದು ನಾಟಕದ ಮೊದಲ ಮಾತೋ, ನನಗೆ ಕೇಳಿದ್ದೋ, ಇವತ್ತಿಗೂ ತಿಳಿದಿಲ್ಲ. ಎರಡು ಆಸನಗಳಾಚೆಯಿಂದ ಒಂದು ಉದ್ದವಾದ, ಅನುಭವಸ್ಥ "ಶ್ಶ್!" ಬಂತು. ಹೆಂಡತಿಯದು. ಅವತ್ತಿನಿಂದ ಅವಳು ಟಿಕೀಟು ಬೇರೆ ಸಾಲಿನಲ್ಲಿ ತೆಗೆಯುತ್ತಾಳೆ.

ತಪ್ಪು ನನ್ನ ಹಲ್ಲಿನದಲ್ಲ, ಹುಟ್ಟಿದ ಊರಿನದು ಎಂದು ವಾದಿಸಿ ನೋಡಿದ್ದೇನೆ. ನಾನು ಹೊನ್ನಾವರ ಸೀಮೆಯವನು. ನಾವು ಯಕ್ಷಗಾನದ ಆಟ ನೋಡಿದ್ದು ಚಾಪೆಯ ಮೇಲೆ, ಕಂಬಳಿ ಹೊದ್ದು, ಮಂಡಕ್ಕಿ ತಿನ್ನುತ್ತ. ಒಂದು ಕಡೆ ಮಗು ಅಳುತ್ತಿತ್ತು, ಇನ್ನೊಂದು ಕಡೆ ಅಡಿಕೆ ಧಾರಣೆಯ ಮಾತು. "ಭೀಮ ಬರುವಾಗ ಎಬ್ಬಿಸು" ಎಂದು ಪಕ್ಕದವನಿಗೆ ಹೇಳಿ ಮಲಗುವವರೂ ಇದ್ದರು. ಎಬ್ಬಿಸುವುದೇ ಬೇಕಾಗಿರಲಿಲ್ಲ; ಚಂಡೆಯ ಪೆಟ್ಟು ಬದಲಾದರೆ ನಿದ್ದೆಯಲ್ಲೇ ಗೊತ್ತಾಗುತ್ತಿತ್ತು. ಅರ್ಥ ತಪ್ಪಿದರೆ ಎದುರು ಕೂತವನು ಅಲ್ಲಿಂದಲೇ ತಿದ್ದುತ್ತಿದ್ದ. ಮರಾಠಿಯವರು ತಮ್ಮ ರಂಗಭೂಮಿ ಬಹಳ ಶಿಸ್ತಿನದು ಎನ್ನುತ್ತಾರಲ್ಲ, ಅದರ ಮೂಲ ಎಲ್ಲಿ? ಹೊನ್ನಾವರದ ಹತ್ತಿರದ ಕರ್ಕಿಯ ಮೇಳ 1842ರಲ್ಲಿ ಸಾಂಗಲಿಗೆ ಹೋಗಿ ಆಟ ಆಡಿತು. ನೋಡಿದ ಅಲ್ಲಿಯ ದೊರೆ, ಇಂಥದ್ದೊಂದನ್ನು ಮರಾಠಿಯಲ್ಲಿ ಮಾಡು ಎಂದು ವಿಷ್ಣುದಾಸ ಭಾವೆಗೆ ಹೇಳಿದ. ಮರುವರ್ಷ 'ಸೀತಾ ಸ್ವಯಂವರ' ಬಂತು. ಆಮೇಲೆ ನಮ್ಮ ಕನ್ನಡನಾಡಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಸಂಗೀತ ನಾಟಕ ತಂದರು. ಮೆಚ್ಚಿದ ಪದಕ್ಕೆ ಜನ "ಒನ್ಸ್ ಮೋರ್" ಎಂದು ಕೂಗುತ್ತಿದ್ದರು. ಸಾಯುತ್ತಿದ್ದ ಪಾತ್ರವಾದರೂ ಸರಿ, ತಡೆದು ನಿಂತು ಇನ್ನೊಮ್ಮೆ ಹಾಡಬೇಕು. ಹಾಗೆ ಒನ್ಸ್ ಮೋರ್ ಪಡೆದವರಲ್ಲಿ ಲತಾ ಅವರ ತಂದೆ ದೀನಾನಾಥರೂ ಒಬ್ಬರು. ಈಗ ಅವರದೇ ಹೆಸರಿನ ನಾಟ್ಯಗೃಹದಲ್ಲಿ ಯಾರಾದರೂ ಹಾಗೆ ಕೂಗಿದರೆ ನಾನೇ ಶ್ಶ್ ಎನ್ನುತ್ತೇನೆ.

ಆದರೂ ಆ ಗದ್ದಲವೂ ಈ ಗದ್ದಲವೂ ಒಂದೇ ಅಲ್ಲ. ಅಲ್ಲಿ ಕೂಗಿದವನೂ, ತಿಂದವನೂ, ಗೊರಕೆ ಹೊಡೆದವನೂ ಆಟದೊಳಗೇ ಇದ್ದ. ಪರದೆ ಬೆಳಗಿಸಿಕೊಂಡು ಕೂತವನು ಸದ್ದೇ ಮಾಡುವುದಿಲ್ಲ. ಅವನು ಬಂದೇ ಇರುವುದಿಲ್ಲ. ನನಗೆ ಸಿಟ್ಟು ಬರುವುದು ಅವನ ಮೇಲೆ. ಶ್ಶ್ ಎಂದರೆ ಅವನಿಗೆ ತಾಗುವುದೂ ಇಲ್ಲ.

ಮುಂಬಯಿಯ ಕನ್ನಡ ನಾಟಕಗಳಿಗೆ ಹೋದಾಗ ಮಾತ್ರ ನನ್ನ ಈ ಪೊಲೀಸುಗಿರಿ ನಡೆಯುವುದಿಲ್ಲ. ಅಲ್ಲಿ ಮೂರನೇ ಗಂಟೆಯಾದ ಮೇಲೆ ಸನ್ಮಾನ ಶುರುವಾಗುತ್ತದೆ, ಸನ್ಮಾನವಾದ ಮೇಲೆ ನಾಟಕ, ನಾಟಕದ ಅರ್ಧಕ್ಕೆ ಮುಖ್ಯ ಅತಿಥಿ. ಅವರನ್ನು ಟಾರ್ಚು ಹಿಡಿದು ಮೊದಲ ಸಾಲಿಗೆ ಕರೆದೊಯ್ಯುವವರು ಸಂಘದ ಕಾರ್ಯದರ್ಶಿಗಳೇ, ಇನ್ನು ಯಾರಿಗೆ ಹೇಳುವುದು? ಬಂದವರೆಲ್ಲ ಪರಿಚಯದವರು. ಕತ್ತಲಲ್ಲಿ ಫೋನು ರಿಂಗಾದರೆ ಯಾರದೆಂದು ರಾಗದಿಂದಲೇ ತಿಳಿಯುತ್ತದೆ. ಒಬ್ಬರದು ಸುಪ್ರಭಾತ, ಅದು ಸಂಜೆಯಲ್ಲೂ ಸುಪ್ರಭಾತವೇ. ಇತ್ತೀಚೆಗೆ ಅದು ಕೇಳಿಸಲಿಲ್ಲ. ವಿಚಾರಿಸಿದೆ. ಮನೆ ಮಾರಿ ಮಗನ ಜೊತೆ ಬೆಂಗಳೂರಿಗೆ ಹೋದರಂತೆ. ಅವರ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಅದರ ಆಚೆಯದರಲ್ಲೂ ಇರಲಿಲ್ಲ, ಅದರ ಹಿಂದಿನ ಇಡೀ ಸಾಲಿನಲ್ಲೂ ಇರಲಿಲ್ಲ. ಬಾರಿಸಿಕೊಂಡಾದರೂ ಬನ್ನಿ ಮಾರಾಯ್ರೇ ಎನ್ನಬೇಕು ಅನಿಸಿತು.

ಆವತ್ತು ಪೌರಾಣಿಕ. ಧೃತರಾಷ್ಟ್ರನ ಪಾತ್ರದವರು ಪಾಳಿ ಮುಗಿಸಿ ಕಲ್ಯಾಣದ ಕಡೆಯಿಂದ ಲೋಕಲ್ ಹಿಡಿದು, ಬಂದವರೇ ಮುಖಕ್ಕೆ ಬಣ್ಣ ಹಚ್ಚಿಕೊಂಡು ನಿಂತಿದ್ದರು. ಮಕ್ಕಳೆಲ್ಲ ಸತ್ತ ಸುದ್ದಿ ಬಂದಿದೆ. ಅವರು ಎದೆ ಬಡಿದುಕೊಂಡು ಗೋಳಿಡುವ ಹೊತ್ತಿಗೆ ಎಲ್ಲೋ ಫೋನು ರಿಂಗಾಯಿತು. ನನ್ನ ಶ್ಶ್ ತುಟಿಯವರೆಗೆ ಬಂತು. ಹಿಂದೆ ನೋಡಿದೆ, ಅಲ್ಲಲ್ಲ. ಪಕ್ಕ ನೋಡಿದೆ, ಅಲ್ಲೂ ಅಲ್ಲ. ಸದ್ದು ಹಸ್ತಿನಾವತಿಯ ಸಿಂಹಾಸನದಿಂದ ಬರುತ್ತಿತ್ತು.

ಧೃತರಾಷ್ಟ್ರರು ಪೀತಾಂಬರದೊಳಗೆ ಕೈಹಾಕಿ ತಡಕಾಡಿದರು. ಕುರುಡನ ಪಾತ್ರವಾದ್ದರಿಂದ ಬಗ್ಗಿ ನೋಡುವ ಹಾಗಿಲ್ಲ, ನಟನೆಯಲ್ಲಿ ಅಷ್ಟು ನಿಷ್ಠೆ. ಕೊನೆಗೂ ಸಿಕ್ಕಿತು, ಆರಿಸಲು ಒತ್ತಿದರು, ಒತ್ತಿದ್ದು ಸ್ಪೀಕರನ್ನು. "ಹಾಲು ತಗೊಂಡು ಬನ್ನಿ, ನಾಳೆ ಬೆಳಿಗ್ಗೆಗಿಲ್ಲ" ಎಂದಿತು ಒಂದು ಹೆಣ್ಣುದನಿ. ಸಭೆ ಉಸಿರು ಹಿಡಿಯಿತು. ಸಂಜಯ ತಲೆ ತಗ್ಗಿಸಿದ. ಧೃತರಾಷ್ಟ್ರರು ಒಂದು ಕ್ಷಣ ತಡೆದು, ಅದೇ ಗದ್ಗದ ಕಂಠದಲ್ಲಿ, "ನೂರು ಮಕ್ಕಳೂ ಹೋದ ಮೇಲೆ ಹಾಲು ಯಾರಿಗೆ, ಗಾಂಧಾರೀ?" ಎಂದರು.

ಇದ್ದಷ್ಟೂ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಎರಡು ಸಾಲು ಹಿಂದಿನಿಂದ ಒಂದು ಹೆಣ್ಣುದನಿ "ಒನ್ಸ್ ಮೋರ್!" ಎಂದು ಕೂಗಿತು. ನಾನು ತಿರುಗಿ ನೋಡಲಿಲ್ಲ. ಆ ದನಿ ನಮ್ಮ ಮನೆಯದೇ.