ಚಿವುಟಿದ ಕುಡಿಯ ಹೇಳಿಕೆ

ದಾವಣಗೆರೆ ಸುತ್ತಿನ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳದ ಕೆಲವು ಸಾಲುಗಳಿಗೆ ಒಂದು ಸಾಲಿನಂತೆ ತೊಗರಿ ಬಿತ್ತುವ ಕ್ರಮಕ್ಕೆ ರೈತರ ಮಾತಿನಲ್ಲಿ ಅಕ್ಕಡಿ ಎಂದು ಹೆಸರು. ಹೀಗೆ ಬೆಳೆದ ತೊಗರಿಗೆ ಸುಮಾರು 45ರಿಂದ 50 ದಿನಗಳಾದಾಗ ಅದರ ನೆತ್ತಿಯ ಎಳೆಯ ಭಾಗವನ್ನು ಉಗುರಿನಿಂದಲೋ ಕತ್ತರಿಯಿಂದಲೋ ಬ್ಯಾಟರಿಯಿಂದ ತಿರುಗುವ ಯಂತ್ರದಿಂದಲೋ ತೆಗೆದುಹಾಕುವುದನ್ನು ಕುಡಿ ಚಿವುಟುವುದು ಎನ್ನುತ್ತಾರೆ. ಗಿಡವು ಎತ್ತರಕ್ಕೆ ಓಡುವುದನ್ನು ಬಿಟ್ಟು ಅಗಲಕ್ಕೆ ಹರಡಿ, ಕವಲು ಹೆಚ್ಚಿ, ಕಾಯಿ ಹೆಚ್ಚಲಿ ಎಂಬುದು ಇದರ ಉದ್ದೇಶ. ಚಿವುಟಿಸಿಕೊಂಡು ಎರಡು ಸಾಲುಗಳ ನಡುವೆ ಬಿದ್ದಿದ್ದ ಅಂಥದೊಂದು ಕುಡಿಯು, ಬಾಡುವುದಕ್ಕೆ ಮುನ್ನ ನೀಡಿದ ಹೇಳಿಕೆಯನ್ನು ಇಲ್ಲಿ ದಾಖಲಿಸಲಾಗಿದೆ. ಬಹುಕಾಲ ಉನ್ನತ ಸ್ಥಾನದಲ್ಲಿದ್ದವರ ರೂಢಿಯಂತೆ ಅದು ತನ್ನನ್ನು ಉದ್ದಕ್ಕೂ ‘ತುದಿ’ ಎಂದೇ ಕರೆದುಕೊಂಡಿದ್ದು, ಆ ಗತ್ತನ್ನು ತಿದ್ದುವ ಗೋಜಿಗೆ ಹೋಗಿಲ್ಲ.

ಸಂದರ್ಶಕ: ತಮ್ಮನ್ನು ಹುದ್ದೆಯಿಂದ ಇಳಿಸುವ ಮುನ್ನ ನೋಟಿಸ್ ಬಂದಿತ್ತೆ?

ಕುಡಿ: ನೋಟಿಸ್ ಇಲ್ಲ, ವಿಚಾರಣೆ ಇಲ್ಲ, ಎರಡು ಬೆರಳು ಬಂದವು, ಅಷ್ಟೆ. ಪ್ರತಿ ಎಲೆಯ ಕಂಕುಳಲ್ಲಿ ಒಂದೊಂದು ಮೊಗ್ಗು ಇರುತ್ತದೆ ಎಂಬುದೂ, ಅವಕಾಶ ಸಿಕ್ಕರೆ ಅದು ಕವಲಾಗಿ ಬೆಳೆಯಬಲ್ಲದು ಎಂಬುದೂ ತುದಿಗೆ ತಿಳಿಯದ ಸಂಗತಿಯಲ್ಲ. ಆದರೆ ಎಲ್ಲರೂ ಒಟ್ಟಿಗೆ ಬೆಳೆಯಹೊರಟರೆ ಗಿಡದ ಶಿಸ್ತು ಏನಾಗಬೇಕು ಎಂಬ ಕಳಕಳಿಯಿಂದಲೇ ತುದಿಯು ಅವನ್ನು ಮಲಗಿಸಿಟ್ಟಿತ್ತು. ಸಸ್ಯಶಾಸ್ತ್ರದ ಪುಸ್ತಕಗಳು ಇದಕ್ಕೆ ತುದಿ ಪ್ರಾಬಲ್ಯ ಎಂಬ ಹೆಸರಿಟ್ಟಿವೆ. ತುದಿಯ ದೃಷ್ಟಿಯಲ್ಲಿ ಅದು ಮಾರ್ಗದರ್ಶನ.

ಸಂದರ್ಶಕ: ಮಾರ್ಗದರ್ಶನ ನಡೆಯುತ್ತಿದ್ದುದು ಹೇಗೆ?

ಕುಡಿ: ಸುತ್ತೋಲೆಯ ಮೂಲಕ. ತುದಿಯಲ್ಲಿ ತಯಾರಾಗಿ ಕಾಂಡದ ಕೆಳಮುಖವಾಗಿ ಇಳಿಯುವ ಆಕ್ಸಿನ್ ಎಂಬ ಚೋದಕವಿದೆ, ಎಂದರೆ ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಕೆಲಸ ಮಾಡಿಸುವ ರಾಸಾಯನಿಕ. ಚಾರ್ಲ್ಸ್ ಡಾರ್ವಿನ್ ತಮ್ಮ ಮಗನ ಜೊತೆಗೂಡಿ 1880ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ, ಹುಲ್ಲಿನ ಮೊಳಕೆಯು ಬೆಳಕಿನ ಕಡೆಗೆ ಬಾಗಬೇಕೆಂಬ ಆಜ್ಞೆ ತುದಿಯಿಂದ ಹೊರಡುತ್ತದೆ ಎಂದು ಒಪ್ಪಿಕೊಂಡಿದ್ದರು. 1930ರ ದಶಕದಲ್ಲಿ ಥೀಮಾನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಅವರೆಯ ಬಳಗದ ಒಂದು ಗಿಡದ ತುದಿಯನ್ನು ಕತ್ತರಿಸಿ, ಆ ಗಾಯದ ಮೇಲೆ ಆಕ್ಸಿನ್ ಹಚ್ಚಿದಾಗ ಪಕ್ಕದ ಮೊಗ್ಗುಗಳು ಮಲಗಿಯೇ ಉಳಿದವು. ತುದಿಯೇ ಇಲ್ಲದಿದ್ದರೂ ತುದಿಯ ಸಹಿಗೆ ಊರು ಅಂಜಿತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಸಂದರ್ಶಕ: ಆಕ್ಸಿನ್ ಆ ಮೊಗ್ಗುಗಳ ಒಳಕ್ಕೆ ಹೋಗುವುದೇ ಇಲ್ಲ ಎಂದು ನಂತರದ ಸಂಶೋಧನೆಗಳು ಹೇಳುತ್ತವಲ್ಲ?

ಕುಡಿ: ದೊಡ್ಡವರು ಎಲ್ಲ ಬಾಗಿಲಿಗೂ ಖುದ್ದಾಗಿ ಹೋಗುವ ಪದ್ಧತಿ ಎಲ್ಲಿದೆ? ಕೆಳಗಿನ ಹಂತದಲ್ಲಿ ಸ್ಟ್ರೈಗೋಲ್ಯಾಕ್ಟೋನ್ ಎಂಬ ಇನ್ನೊಂದು ಚೋದಕ ಕವಲುಗಳನ್ನು ತಡೆಯುತ್ತದೆ ಎಂಬುದು 2008ರಲ್ಲಿ ಗೊತ್ತಾಯಿತು; ಬೆಳೆಯಿರಿ ಎಂದು ಮೊಗ್ಗುಗಳನ್ನು ಹುರಿದುಂಬಿಸುವ ಸೈಟೋಕೈನಿನ್ ಎಂಬ ಎದುರು ಪಕ್ಷವೂ ಗಿಡದೊಳಗೇ ಇದೆ.

ಸಂದರ್ಶಕ: 2014ರಲ್ಲಿ ಬಟಾಣಿ ಗಿಡದ ಮೇಲೆ ನಡೆದ ಅಧ್ಯಯನವೊಂದು ಬೇರೆಯೇ ಮಾತು ಹೇಳಿತು. ಎಲೆಗಳು ಬಿಸಿಲಿನಲ್ಲಿ ದುಡಿದು ಮಾಡಿದ ಸಕ್ಕರೆಯನ್ನು ತುದಿಯೇ ಎಳೆದುಕೊಳ್ಳುವುದರಿಂದ ಮೊಗ್ಗುಗಳು ಹಸಿದು ಮಲಗಿರುತ್ತವೆ, ತುದಿ ಹೋದೊಡನೆ, ಆಕ್ಸಿನ್ ಮಟ್ಟ ಇಳಿಯುವ ಮೊದಲೇ, ಸಕ್ಕರೆ ಅವುಗಳ ಕಡೆಗೆ ಹರಿದು ಅವು ಎಚ್ಚರಗೊಳ್ಳುತ್ತವೆ ಎಂದು. ಹಾಗಾದರೆ ಅದು ಆಜ್ಞೆಯಲ್ಲ, ಊಟ ಕಸಿದದ್ದು.

ಈ ಪ್ರಶ್ನೆಗೆ ಕುಡಿಯು ಬಹಳ ಹೊತ್ತು ಉತ್ತರಿಸಲಿಲ್ಲ. ನಂತರ, ಸಕ್ಕರೆಯ ಲೆಕ್ಕವನ್ನು ಕೇಳಬೇಕಾದದ್ದು ಬೇರಿನ ಇಲಾಖೆಯನ್ನು ಎಂದಿತು. ಬೇರು ಸಕ್ಕರೆ ತಯಾರಿಸುವುದಿಲ್ಲ ಎಂಬುದು ಅದಕ್ಕೂ ಗೊತ್ತಿದ್ದಂತೆ ತೋರಿತು.

ಸಂದರ್ಶಕ: ಚಿವುಟುವ ವಿದ್ಯೆ ಕೃಷಿ ವಿಜ್ಞಾನಿಗಳದೇ ಎಂದು ತಮ್ಮ ಅಭಿಪ್ರಾಯವೆ?

ಕುಡಿ: ಅವರನ್ನು ದೂರಿ ಪ್ರಯೋಜನವಿಲ್ಲ. ಕಡಲೆ ಹೊಲಕ್ಕೆ ಹೋದ ಹೆಣ್ಣುಮಕ್ಕಳು ಪಲ್ಯಕ್ಕೆಂದು ಹುಳಿಹುಳಿಯಾದ ಕುಡಿಗಳನ್ನು ಉಡಿ ತುಂಬ ಚಿವುಟಿಕೊಂಡು ಬರುತ್ತಿದ್ದುದು, ಆ ಕಡಲೆ ಪೊದೆಯಾಗಿ ಹಬ್ಬಿ ಹೆಚ್ಚು ಕಾಯಿ ಕಟ್ಟುತ್ತಿದ್ದುದು ಬಯಲುಸೀಮೆಗೆ ಹೊಸದಲ್ಲ. ಆಗ ಆ ಕ್ರಿಯೆಯ ಹೆಸರು ತಂತ್ರಜ್ಞಾನವಲ್ಲ, ಅಡುಗೆ. ಪಲ್ಯವಾದ ಕುಡಿಗೆ ಒಂದು ಗೌರವವಾದರೂ ಇತ್ತು, ಒಗ್ಗರಣೆಯ ಸದ್ದಿತ್ತು. ತೊಗರಿಯ ಕುಡಿಯನ್ನು ಮಣ್ಣಿಗೆ ಎಸೆದು ಹೋಗುತ್ತಾರೆ.

ಸಂದರ್ಶಕ: ಪಕ್ಕದ ಸಾಲಿನ ಮೆಕ್ಕೆಜೋಳವನ್ನು ಯಾರೂ ಚಿವುಟುವುದಿಲ್ಲವಲ್ಲ?

ಕುಡಿ: ಅದರ ಪೂರ್ವಿಕ ಮೆಕ್ಸಿಕೊದ ಟಿಯೊಸಿಂಟೆ ಎಂಬ ಕಾಡುಹುಲ್ಲು, ಅದು ಮೈತುಂಬ ಕವಲೊಡೆದ ಸಸ್ಯ. ಸಾವಿರಾರು ವರ್ಷ ಆರಿಸಿ ಆರಿಸಿ ಬಿತ್ತಿದ ರೈತರು, ಕವಲನ್ನು ಹತ್ತಿಕ್ಕುವ ಒಂದು ವಂಶವಾಹಿಯನ್ನು ಅದರಲ್ಲಿ ಬಲಪಡಿಸಿ, ಅದನ್ನು ಒಂಟಿಕಾಲಿನ ಬೆಳೆಯನ್ನಾಗಿ ಮಾಡಿದರು. ಇಡೀ ಜಿಲ್ಲೆಯೇ ಆ ಒಂಟಿಕಾಲಿನ ಬೆಳೆಯ ಹಿಂದೆ ಹೋಗಿರುವಾಗ ಅದನ್ನು ಟೀಕಿಸುವುದು ರಾಜಕೀಯವಾಗಿ ಜಾಣತನವಲ್ಲ.

ಸಂದರ್ಶಕ: ಇದೇ ಹೊಲಗಳಲ್ಲಿ ಮರೆಯಾಗಿ ಬೆಳೆಯುವ ಇನ್ನೊಂದು ಗಿಡದ ಬಗ್ಗೆ?

ಕುಡಿ: ಮೆಕ್ಕೆಜೋಳ, ಹತ್ತಿ, ತೊಗರಿಯ ನಡುವೆ ಬೆಳೆಸಿದ್ದ ಗಾಂಜಾ ಗಿಡಗಳನ್ನು ಪೊಲೀಸರು ಕಿತ್ತ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ಆಗಾಗ ಬರುವುದುಂಟು. ತುದಿಯನ್ನು ನಿಜವಾಗಿ ಗಂಭೀರವಾಗಿ ಪರಿಗಣಿಸಿದ್ದು 1985ರ ಮಾದಕ ವಸ್ತುಗಳ ಕಾಯ್ದೆ ಮಾತ್ರ: ಆ ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿಯೇ ಗಾಂಜಾ, ತುದಿಯ ಜೊತೆಗಿಲ್ಲದ ಬೀಜ ಮತ್ತು ಎಲೆ ಗಾಂಜಾ ಅಲ್ಲ ಎಂಬುದು ಅದರ ವ್ಯಾಖ್ಯೆ. ಆ ಗಿಡವೂ ಇದೇ ಆಕ್ಸಿನ್, ಇದೇ ಸಕ್ಕರೆಯ ನಿಯಮಕ್ಕೆ ಒಳಪಟ್ಟದ್ದು. ಆದರೆ ತೊಗರಿಯ ಕುಡಿ ಚಿವುಟಿದ ಬೆರಳಿಗೆ ಕೃಷಿ ಮೇಳದಲ್ಲಿ ಶಾಲು ಸಿಕ್ಕೀತು; ಆ ಗಿಡವನ್ನು ಬೆಳೆಸಿದ ಬೆರಳಿಗೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ.

ಸಂದರ್ಶಕ: ತುದಿ ಹೋದರೆ ಕವಲು ಚಿಗುರುತ್ತದೆ ಎಂಬ ನಿಯಮ ಊರುಗಳಿಗೂ ಸಲ್ಲುತ್ತದೆಯೆ?

ಕುಡಿ: ದಾವಣಗೆರೆಯನ್ನೇ ನೋಡಬಹುದು. ಚಿತ್ರದುರ್ಗದ ನೆರಳಿನಲ್ಲಿ ಮೊಗ್ಗಾಗಿದ್ದ ಈ ಊರು 1997ರ ಆಗಸ್ಟ್ 15ರಂದು ತಾನೇ ಜಿಲ್ಲೆಯಾಯಿತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ಕಾಲದ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತವು. ಆದರೆ ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿಯೇ, ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿಯೇ ಹುಟ್ಟಿದ್ದವು. ಗಿರಣಿಯೆಂಬ ತುದಿ ಇನ್ನೂ ಹಸಿರಾಗಿದ್ದಾಗಲೇ ಕವಲು ಒಡೆದಿತ್ತು ಎಂದರ್ಥ. ಬೆಣ್ಣೆ ದೋಸೆಯನ್ನು ಈ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಬರುವ ಲಕ್ಷಣ ಇಲ್ಲ.

ಸಂದರ್ಶಕ: ಪಕ್ಕದ ಊರು ಹರಿಹರ?

ಕುಡಿ: ಅಲ್ಲಿ ಪಾಠ ಬೇರೆ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಂದ ಊರಿಗೆ ಹೆಸರು ತಂದಿತು, ಈ ಶತಮಾನದ ಆರಂಭದ ಹೊತ್ತಿಗೆ ಬಾಗಿಲು ಹಾಕಿತು. ಚಿವುಟುವವರು ಮರೆಯುವ ಸಂಗತಿ ಇದು: 45ನೇ ದಿನಕ್ಕೆ ಚಿವುಟಿದರೆ ಕವಲಿಗೆ ಬೆಳೆಯಲು ಕಾಲವಿರುತ್ತದೆ, ಹೂ ಬಂದ ಮೇಲೆ ಚಿವುಟಿದರೆ ಹೂವೂ ಹೋಗುತ್ತದೆ, ಕವಲೂ ಬರುವುದಿಲ್ಲ. ಅರ್ಧ ಶತಮಾನ ಒಂದೇ ತುದಿಗೆ ಸಕ್ಕರೆ ಉಣಿಸಿದ ಊರು, ಅದು ಬಿದ್ದ ಮರುದಿನವೇ ಪೊದೆಯಾಗಲಿ ಎಂದು ಕಾಯುವುದು ನ್ಯಾಯವಲ್ಲ. ಹರಿಹರದಲ್ಲಿ ತುದಿಗೆ ಒಪ್ಪಿಗೆಯಾಗದ ಇನ್ನೊಂದು ವಸ್ತುವೂ ಇದೆ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇಗುಲದಲ್ಲಿ ಒಂದೇ ವಿಗ್ರಹದ ಅರ್ಧ ಶಿವ, ಅರ್ಧ ವಿಷ್ಣು. ಒಂದೇ ಕಾಂಡಕ್ಕೆ ಸಮಬಲದ ಎರಡು ತುದಿಗಳು, ಯಾವುದೂ ಇನ್ನೊಂದರ ಸಕ್ಕರೆ ಕಸಿಯದೆ ಎಂಟು ನೂರು ವರ್ಷ ನಿಂತಿರುವುದನ್ನು ಸಸ್ಯಶಾಸ್ತ್ರ ಇನ್ನೂ ವಿವರಿಸಬೇಕಾಗಿದೆ.

ಸಂದರ್ಶಕ: ತಾವು ಹೋದ ಮೇಲೆ ಗಿಡದಲ್ಲಿ ಯಜಮಾನಿಕೆ ಅಳಿಯಿತೆ?

ಕುಡಿ: ಪ್ರತಿ ಕವಲಿಗೂ ಒಂದು ತುದಿ ಇರುತ್ತದೆ ಎಂಬುದನ್ನು ಸಂದರ್ಶಕರು ಗಮನಿಸಿದಂತಿಲ್ಲ. ಆ ತುದಿಯಲ್ಲೂ ಆಕ್ಸಿನ್ ತಯಾರಾಗುತ್ತದೆ, ಅದರ ಕೆಳಗೂ ಕಂಕುಳ ಮೊಗ್ಗುಗಳಿರುತ್ತವೆ.

ಇಷ್ಟು ಹೇಳುವ ಹೊತ್ತಿಗೆ ಕುಡಿಯು ಪೂರ್ತಿ ಸೊರಗಿತ್ತು. ವಾರ ಕಳೆದು ಸಂದರ್ಶಕ ಮರಳಿ ಅದೇ ಗಿಡದ ಬಳಿಗೆ ಹೋದಾಗ ಹೊಸದಾಗಿ ಒಡೆದ ಕವಲುಗಳು ತಮ್ಮ ತಮ್ಮ ಹೇಳಿಕೆಗಳೊಂದಿಗೆ ಸಿದ್ಧವಾಗಿದ್ದು, ಅವುಗಳಲ್ಲಿ ಪ್ರತಿಯೊಂದೂ ತನ್ನದನ್ನೇ ಮೊದಲು ಅಚ್ಚು ಹಾಕಬೇಕೆಂದು ಪಟ್ಟುಹಿಡಿಯಿತು.