ಉಚಿತ ಶಕ್ತಿಯ ಸಂಕಥನ: ಒಂದು ತಾತ್ವಿಕ ಅನುಸಂಧಾನ (ವಾಟ್‌ಮೀಟರ್ ಸಹಿತ)

1. ಪ್ರಸ್ತಾವನೆ

ಮೈಸೂರೆಂಬ ಸಾಂಸ್ಕೃತಿಕ ಅವಕಾಶದಲ್ಲಿ ಇತ್ತೀಚೆಗೆ ಮುನ್ನೆಲೆಗೆ ಬಂದಿರುವ 'ಉಚಿತ ಶಕ್ತಿ'ಯ ಪರಿಕಲ್ಪನೆಯನ್ನು ವಸಾಹತೋತ್ತರ ನೆಲೆಯಿಂದ, ದೇಸಿ ಜ್ಞಾನಪರಂಪರೆಗಳ ಬೆಳಕಿನಲ್ಲಿ, ಓಮ್‌ನ ನಿಯಮದ ಯಜಮಾನಿಕೆಯೊಂದಿಗೆ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಆಶಯ. ಈ ವಾಕ್ಯದ ಅರ್ಥ ಪ್ರಬಂಧಕಾರನನ್ನು ಕೇಳಬಾರದು. ನಗರದ ವಿಚಾರ ಸಂಕಿರಣವೊಂದರಲ್ಲಿ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಕೂತು ಕೇಳಿ ಬಂದವನಿಗೆ ಸದ್ಯಕ್ಕೆ ಬೇರೆ ಭಾಷೆ ಬರುತ್ತಿಲ್ಲ.

ಅಧ್ಯಯನದ ಆಕರ ವೇದಿಕೆಯ ಮೇಲಿತ್ತು: ಒಂದು ಎಚ್‌ಪಿ ಮೋಟರ್, ಬೆಲ್ಟು, ಭಾರಿ ಕಬ್ಬಿಣದ ಚಕ್ರ, ಆಲ್ಟರ್ನೇಟರ್, ಅದಕ್ಕೆ ಹೊರೆಯಾಗಿ ಚೋಕುಗಳ ಸಾಲು. ಮೋಟರಿನ ವೈರು ಮಾತ್ರ ಗೋಡೆಯ ಪ್ಲಗ್ಗಿಗೆ ಹೋಗಿತ್ತು. ಒಂದು ಎಚ್‌ಪಿ ಹಾಕಿದರೆ ಐದು ಕಿಲೋವಾಟ್ ಬರುತ್ತದೆ, ಹೆಚ್ಚುವರಿ ಪಾಲು ಗುರುತ್ವಾಕರ್ಷಣೆಯ ಪ್ರಸಾದ, ಇಂಥ ನೂರು ಯಂತ್ರ ಕೊಟ್ಟರೆ ಅರಮನೆಯ ದೀಪಗಳಷ್ಟನ್ನೂ ಬಿಟ್ಟಿ ಹೊತ್ತಿಸಬಹುದು ಎಂದು ಕರಪತ್ರ ಹೇಳುತ್ತಿತ್ತು. ಸಂಶೋಧಕರಿಗೆ ಮೈಸೂರು ಪೇಟ ತೊಡಿಸಿ ಗಂಧದ ಹಾರ ಹಾಕಲಾಯಿತು. ವಾಟ್‌ಮೀಟರಿಗೆ ಆಹ್ವಾನ ಇರಲಿಲ್ಲ.

2. ಪೂರ್ವಸೂರಿಗಳ ಸಮೀಕ್ಷೆ

ಹನ್ನೆರಡನೆಯ ಶತಮಾನದ ಎರಡನೆಯ ಭಾಸ್ಕರಾಚಾರ್ಯರು 'ಸಿದ್ಧಾಂತ ಶಿರೋಮಣಿ'ಯಲ್ಲಿ ಪಾದರಸ ತುಂಬಿದ ಅರೆಗಳ ಚಕ್ರವೊಂದು ತನ್ನಷ್ಟಕ್ಕೆ ತಿರುಗುತ್ತದೆಂದು ವರ್ಣಿಸಿದ್ದಾರೆ. ಸಂಶೋಧಕರೆಲ್ಲರೂ ಆ ಚಕ್ರವನ್ನೇ ಉದ್ಧರಿಸುತ್ತಾರೆ. ಭಾಸ್ಕರರ ಲೆಕ್ಕಗಳನ್ನು ಮಾತ್ರ ಯಾರೂ ಮಾಡಿನೋಡುವುದಿಲ್ಲ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ನಿರಂತರ ಚಲನೆಯ ಯಂತ್ರಗಳ ಅರ್ಜಿಯನ್ನೇ ಮುಟ್ಟುವುದಿಲ್ಲವೆಂದು 1775ರಲ್ಲೇ ತೀರ್ಮಾನಿಸಿತು. ನಮ್ಮ 1970ರ ಪೇಟೆಂಟ್ ಕಾಯ್ದೆಯ ಮೂರನೇ ಕಲಮು ಕೂಡ, ಸ್ಥಾಪಿತ ನಿಸರ್ಗ ನಿಯಮಗಳಿಗೆ ಢಾಳಾಗಿ ವಿರುದ್ಧವಾದದ್ದನ್ನು ಆವಿಷ್ಕಾರವೆಂದೇ ಒಪ್ಪುವುದಿಲ್ಲ. ಇದು ಪಾಶ್ಚಾತ್ಯ ಪಿತೂರಿ ಎಂಬ ವಾದವನ್ನು ಅಂದಿನ ಸಂಕಿರಣ ಚಪ್ಪಾಳೆಯೊಂದಿಗೆ ಅಂಗೀಕರಿಸಿತು.

3. ವರ್ಗೀಕರಣ

ಉಚಿತ ಶಕ್ತಿವಾದಿಗಳನ್ನು ಸೈದ್ಧಾಂತಿಕವಾಗಿ ಹೀಗೆ ವಿಂಗಡಿಸಬಹುದು.

ಅ) ಚಕ್ರವಾದಿಗಳು. ಭಾರ ಹೆಚ್ಚಾದಷ್ಟೂ ಶಕ್ತಿ ಹುಟ್ಟುತ್ತದೆ ಎನ್ನುವವರು.

ಆ) ಅಯಸ್ಕಾಂತವಾದಿಗಳು. ಸಜಾತಿ ಧ್ರುವಗಳ ನಡುವಿನ ವಿಕರ್ಷಣೆ ಎಂದಿಗೂ ದಣಿಯುವುದಿಲ್ಲ ಎಂದು ನಂಬಿದವರು.

ಇ) ಶೂನ್ಯವಾದಿಗಳು. ಹಳೆಯ ಶೂನ್ಯಸಂಪಾದನೆಗೂ ಇವರಿಗೂ ಸಂಬಂಧವಿಲ್ಲ, ಇವರದು ಶೂನ್ಯದಿಂದಲೇ ಸಂಪಾದನೆ. ಈ ವರ್ಗವನ್ನು ಪೆದ್ದರ ಗುಂಪೆಂದು ತಳ್ಳಿಹಾಕುವ ಹಾಗಿಲ್ಲ. ಕೈಗಾ ಅಣುಸ್ಥಾವರದ ಯೋಜನಾ ನಿರ್ದೇಶಕರಾಗಿದ್ದ ಪರಮಹಂಸ ತಿವಾರಿಯವರೇ ಖಾಲಿ ಆಕಾಶದಿಂದ ಶಕ್ತಿ ಹಿಂಡುವ ಜನರೇಟರ್ ತಮ್ಮದೆಂದೂ, ಅದರ ದಕ್ಷತೆ ನೂರು ಪ್ರತಿಶತವನ್ನು ದಾಟುತ್ತದೆಂದೂ ಹೇಳುತ್ತಿದ್ದರು. ಓದಿದವರು, ಸ್ಥಾವರ ಕಟ್ಟಿಸಿದವರು. ಆ ಜನರೇಟರಿನಿಂದ ಯಾವ ಗ್ರಿಡ್ಡಿಗೂ ಕರೆಂಟು ಬರಲಿಲ್ಲ. ಕೈಗಾದಲ್ಲಿ ಯುರೇನಿಯಂ ಸುಡುವ ಸ್ಥಾವರದಿಂದ ಬರುತ್ತಲೇ ಇದೆ.

ಈ) ಪ್ಲಗ್ಗುವಾದಿಗಳು. ಡಬ್ಬಿಯೊಂದನ್ನು ಸಾಕೆಟ್ಟಿಗೆ ಸಿಕ್ಕಿಸಿದರೆ ಬಿಲ್ಲು ಅರ್ಧವಾಗುತ್ತದೆ ಎಂದು ಮಾರುವವರು. ಒಳಗಿರುವುದು ಒಂದು ಕೆಪಾಸಿಟರ್, ಒಂದು ಹಸಿರು ದೀಪ. ಮನೆಯ ಮೀಟರ್ ಎಣಿಸುವುದು ನಿಜವಾಗಿ ಖರ್ಚಾದ ಯೂನಿಟ್ಟನ್ನು, ಕೆಪಾಸಿಟರಿನಿಂದ ಅದು ಇಳಿಯುವುದಿಲ್ಲ. ಆ ಹಸಿರು ದೀಪದ ಖರ್ಚು ಬೇಕಾದರೆ ಸೇರುತ್ತದೆ.

ಉ) ಉಭಯವಾದಿಗಳು, ಊ) ಊರ್ಧ್ವಮುಖಿಗಳು... ಬಿಡಿ. 'ಳ'ವರೆಗೂ ಹೋಗುವ ಉತ್ಸಾಹವಿತ್ತು, ಈಗಿಲ್ಲ. ಗೋಡೆಯ ಪ್ಲಗ್ ಕೀಳಲು ಒಪ್ಪದವರು ಎಂಬ ಒಂದೇ ವರ್ಗ ಸಾಕು.

4. ವಿಶ್ಲೇಷಣೆ

ಚಕ್ರದಿಂದ ಶುರು ಮಾಡೋಣ. ಐವತ್ತು ಕೆಜಿ ತೂಕ, ಎರಡಡಿ ವ್ಯಾಸ, ನಿಮಿಷಕ್ಕೆ 1500 ಸುತ್ತು ಎಂದಿಟ್ಟುಕೊಳ್ಳಿ. ಅದರಲ್ಲಿ ಅಡಗಿರುವ ಶಕ್ತಿ ಸುಮಾರು 28,000 ಜೂಲ್. ನೂರು ಎಂಎಲ್ ನೀರನ್ನು 25 ಡಿಗ್ರಿಯಿಂದ ಕುದಿಸಲು 31,000 ಜೂಲ್ ಬೇಕು. ಗುರುತ್ವದ ಈ ಮಹಾಪ್ರಸಾದದಲ್ಲಿ ಬೈಟು ಕಾಫಿಯ ನೀರು ಕೂಡ ಕುದಿಯುವುದಿಲ್ಲ. ಆ 28,000 ಜೂಲನ್ನಾದರೂ ಚಕ್ರಕ್ಕೆ ತುಂಬಿದ್ದು ಮೋಟರು, ಮೋಟರಿಗೆ ಕೊಟ್ಟದ್ದು ಇಲ್ಲಿನ ವಿದ್ಯುತ್ ಕಂಪನಿ ಸೆಸ್ಕ್.

ಮುಂದೆ ಮೋಟರ್. ಒಂದು ಎಚ್‌ಪಿ ಎಂದರೆ 746 ವಾಟ್. ಶೇಕಡ 80ರ ದಕ್ಷತೆಯ ಮೋಟರ್ ಅಷ್ಟು ಕೊಡಬೇಕಾದರೆ ಗೋಡೆಯಿಂದ 930 ವಾಟ್ ಎಳೆಯುತ್ತದೆ. ಬೆಲ್ಟಿನಲ್ಲಿ ಶೇಕಡ 5, ಆಲ್ಟರ್ನೇಟರಿನಲ್ಲಿ ಶೇಕಡ 20 ಸೋರಿದರೆ ಕೊನೆಗೆ ಉಳಿಯುವುದು 570ರ ಆಸುಪಾಸು. ಯಂತ್ರವನ್ನು ಪಕ್ಕಕ್ಕಿಟ್ಟು ಹೊರೆಯನ್ನು ನೇರ ಪ್ಲಗ್ಗಿಗೆ ಹಾಕಿದ್ದರೆ 360 ವಾಟ್ ಉಳಿಯುತ್ತಿತ್ತು.

ಹಾಗಾದರೆ ವೇದಿಕೆಯ ಮೇಲೆ ಶೇಕಡ 230 ದಕ್ಷತೆ 'ಸಿದ್ಧ'ವಾದದ್ದು ಹೇಗೆ? ಒಳಗೆ ಹೋದದ್ದು 400 ವಾಟ್. ಹೊರಗೆ ಕ್ಲ್ಯಾಂಪ್ ಮೀಟರ್ ಹಿಡಿದರು: 4 ಆಂಪಿಯರ್. ವೋಲ್ಟೇಜು 230. ಗುಣಿಸಿದರು: 920! ಸಭೆ ಎದ್ದು ನಿಂತಿತು. ಎಸಿಯಲ್ಲಿ ವಾಟ್ ತಿಳಿಯಲು ಆ ಗುಣಲಬ್ಧವನ್ನು ಪವರ್ ಫ್ಯಾಕ್ಟರಿನಿಂದ ಇನ್ನೊಮ್ಮೆ ಗುಣಿಸಬೇಕು. ಚೋಕಿನಲ್ಲಿ ಕರೆಂಟು ವೋಲ್ಟೇಜಿನ ಹಿಂದೆ ಬೀಳುತ್ತದೆ, ಚೋಕು ತಾನು ತಗೊಂಡ ಶಕ್ತಿಯ ದೊಡ್ಡ ಪಾಲನ್ನು ಕ್ಷಣಕ್ಷಣಕ್ಕೂ ವಾಪಸು ತಳ್ಳುತ್ತಿರುತ್ತದೆ. ಪವರ್ ಫ್ಯಾಕ್ಟರ್ 0.3 ಇದ್ದರೆ 920 ಹೋಗಿ 276 ವಾಟ್ ಆಗುತ್ತದೆ. ದಕ್ಷತೆ ಶೇಕಡ 69. ಯಂತ್ರ ಪಾಪ ಪ್ರಾಮಾಣಿಕವಾಗಿಯೇ ಕೆಲಸ ಮಾಡುತ್ತಿತ್ತು.

ಇದು ಡಿಪ್ಲೊಮಾದ ಹುಡುಗರಿಗೆ ಗೊತ್ತಿರುವ ಲೆಕ್ಕ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಎದ್ದು, "ಸಾರ್, ಔಟ್‌ಪುಟ್ಟನ್ನೇ ತಂದು ಮೋಟರಿಗೆ ಕೊಟ್ಟು ಪ್ಲಗ್ ಕಿತ್ತುಬಿಡಿ, ತಿರುಗಿದರೆ ಆಯ್ತಲ್ಲ" ಎಂದ. ಅದು ಪೇಟೆಂಟ್ ರಹಸ್ಯವೆಂದು ಉತ್ತರ ಬಂತು. (ಪೇಟೆಂಟ್ ಕೊಡುವುದೇ ರಹಸ್ಯವನ್ನು ಬರೆದು ಬಹಿರಂಗಪಡಿಸಿದ್ದಕ್ಕೆ.) ಅಧ್ಯಕ್ಷರು ಸಮಯದ ಅಭಾವ ಎಂದರು. ಅವರೂ ಎಲೆಕ್ಟ್ರಿಕಲ್ ಮೇಷ್ಟ್ರೇ. ಇಲ್ಲಿ ಅಣಕ ನಿಲ್ಲುತ್ತದೆ, ಸಿಟ್ಟು ಬರುತ್ತದೆ. ಪವರ್ ಫ್ಯಾಕ್ಟರನ್ನು ವರ್ಷವರ್ಷವೂ ಪಾಠ ಮಾಡುವವರು ಸುಮ್ಮನೆ ಕೂತು ಪೇಟ ತೊಡಿಸಿದರು, ಕೇಳಿದ ಹುಡುಗನನ್ನು ಕೂರಿಸಿದರು.

ಅದೂ ಎಂಥ ಊರಿನಲ್ಲಿ! ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿಸಿ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕಳಿಸಿದ ಸಂಸ್ಥಾನ ಇದು. 1908ರಲ್ಲಿ ಮೈಸೂರಿನಲ್ಲೂ ದೀಪ ಹೊತ್ತಿತು. ಶಿವನಸಮುದ್ರದ ಯೋಜನೆಯ ಬೆನ್ನಿಗೆ ದಿವಾನ್ ಶೇಷಾದ್ರಿ ಅಯ್ಯರ್ ನಿಂತರು, ಎಂಜಿನಿಯರ್ ಲೊಟ್‌ಬಿನಿಯೇರ್ ಲೆಕ್ಕ ಹಾಕಿದರು. ಬೀಳುವ ನೀರೆಷ್ಟು, ಬೀಳುವ ಎತ್ತರವೆಷ್ಟು, ತಂತಿಯಲ್ಲಿ ಸೋರುವುದೆಷ್ಟು. ಸೋರಿಕೆ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದಾದ್ದರಿಂದ ವೋಲ್ಟೇಜು ಏರಿಸಿ ಕರೆಂಟು ಇಳಿಸಿದರು. ನಾನೂರು ಅಡಿ ಎತ್ತರದಿಂದ ಮೂರು ಸಾವಿರ ಲೀಟರ್ ನೀರು ಬಿದ್ದರೆ, ಎಲ್ಲೂ ಏನೂ ಸೋರದಿದ್ದರೆ, ಒಂದು ಯೂನಿಟ್. ಅರಮನೆಯ ಸುಮಾರು ಒಂದು ಲಕ್ಷ ದೀಪಗಳಿಗೆ ತಲಾ ಐದೇ ವಾಟ್ ಎಂದರೂ 500 ಕಿಲೋವಾಟ್. ಮುಕ್ಕಾಲು ಗಂಟೆ ಹೊತ್ತಿಸಿದರೆ 375 ಯೂನಿಟ್, ಅಂದರೆ ಹನ್ನೊಂದು ಲಕ್ಷ ಲೀಟರಿಗೂ ಮೀರಿದ ನೀರು. ಬೆಳಕಿನ ಬೆಲೆ ಗೊತ್ತಿದ್ದವರು ಕಟ್ಟಿದ ವ್ಯವಸ್ಥೆ ಇದು. ಬಿಟ್ಟಿ ಕರೆಂಟು ಎಂಬುದು ಕರ್ನಾಟಕದಲ್ಲಿ ಕೆಲಸ ಮಾಡಿ ತೋರಿಸಿರುವುದು 2023ರಲ್ಲಿ ಬಂದ ಗೃಹಜ್ಯೋತಿಯಂಥ ಸರ್ಕಾರಿ ಯೋಜನೆಗಳಲ್ಲಿ ಮಾತ್ರ. ಅವುಗಳ ಬಿಲ್ಲೂ ವಿಧಾನಸೌಧದ ವಿಳಾಸಕ್ಕೆ ಹೋಗುತ್ತದೆ.

ಊಟದ ಸಾಲಿನಲ್ಲಿ ನನ್ನ ಮುಂದೆ ತಿ. ನರಸೀಪುರದ ಕಡೆಯ ರೈತರೊಬ್ಬರು ನಿಂತಿದ್ದರು. "ಇದ್ನ ತಕ್ಕಂಡ್ರೆ ರಾತ್ರಿ ಗದ್ದೆಗೆ ಹೋಗಾದು ತಪ್ತದಾ ಸಾ?" ಎಂದು ಕೇಳಿದರು. ಮೇಲಿನ ಎಲ್ಲ ಲೆಕ್ಕ ಅಲ್ಲಿಗೆ ಸಣ್ಣದಾಯಿತು. ಐಪಿ ಸೆಟ್ಟಿಗೆ ತ್ರೀಫೇಸ್ ಬರುವುದು ಪಾಳಿಯಲ್ಲಿ, ಅವರ ಪಾಳಿ ಅಪರಾತ್ರಿ. ಬ್ಯಾಟರಿ ಹಿಡಿದು, ಹಾವು ಹುಳದ ನಡುವೆ ಬದುವಿನ ಮೇಲೆ ನಡೆದು ಸ್ಟಾರ್ಟರ್ ಒತ್ತಬೇಕು. ಅವರಿಗೆ ನಿಸರ್ಗದ ನಿಯಮ ಮುರಿಯುವ ಆಸೆಯೇನೂ ಇರಲಿಲ್ಲ, ಹಗಲು ಹೊತ್ತು ಕರೆಂಟು ಬೇಕಿತ್ತು. ಅವರದು ಐದು ಎಚ್‌ಪಿ ಪಂಪು, ಅದಕ್ಕೆ ಸುಮಾರು ಐದು ಕಿಲೋವಾಟ್ ಸೌರ ಫಲಕ ಸಾಕು, ಹಗಲೇ ನೀರು ಹಾಯಿಸಬಹುದು, ಸಬ್ಸಿಡಿಯೂ ಉಂಟು ಎಂದೆ. ಅರ್ಜಿ ಹಾಕಿದ್ದೇನೆ ಎಂದರು. ಯಾವಾಗ ಎಂದು ಕೇಳುವ ಧೈರ್ಯ ಬರಲಿಲ್ಲ.

ವೇದಿಕೆಯ ಮೇಲಿದ್ದಂಥ ಯಂತ್ರಕ್ಕೆ ಮುಂಗಡವನ್ನೂ ಕೊಟ್ಟಿದ್ದರು. ಅಂಗಿ ಜೇಬಿನಿಂದ ರಸೀದಿ ತೆಗೆದು ತೋರಿಸಿದರು. ಯಂತ್ರದ ಹೆಸರಿಲ್ಲ, ಕೊಡುವ ದಿನಾಂಕವಿಲ್ಲ, 'ಸಂಶೋಧನೆಗೆ ಸ್ವಇಚ್ಛೆಯ ದೇಣಿಗೆ' ಎಂದಷ್ಟೇ ಬರೆದಿತ್ತು. ದೇಣಿಗೆ ಕೊಟ್ಟವನು ಗ್ರಾಹಕನಲ್ಲ, ಗ್ರಾಹಕರ ಆಯೋಗಕ್ಕೆ ಹೋದರೂ ಮೊದಲು ಅದನ್ನೇ ಕೇಳುತ್ತಾರೆ. ಪವರ್ ಫ್ಯಾಕ್ಟರ್ ತಿಳಿಯದ ಸಂಶೋಧಕರಿಗೆ ಇದು ಮಾತ್ರ ಚೆನ್ನಾಗಿ ತಿಳಿದಿತ್ತು.